ನಲ್ಬಿನ್‌ನವರನ್ನು ಬೈಯದ ಶುಕ್ರವಾರ

ನಮ್ಮ ಗರ್ಟೂಕ್ ರೇಡಿಯೋದಲ್ಲಿ ಶುಕ್ರವಾರ ಬೆಳಿಗ್ಗೆ ಮೊದಲು ಗೋಧಿ, ಬಾರ್ಲಿ, ಕುರಿಗಳ ಧಾರಣೆ ಬರುತ್ತದೆ. ಕೊನೆಗೆ ಯಾರು ತೀರಿಕೊಂಡರು, ಮಣ್ಣು ಯಾವಾಗ ಎನ್ನುವುದು ಬರುತ್ತದೆ. ಇವೆರಡರ ನಡುವೆ ವೆರ್ನಾ ಪ್ಯಾಸ್ಕೋ ಕುಳಿತು ನಾಳೆಯ ಫುಟ್‌ಬಾಲ್ ಆಟ ಹೇಗಿರುತ್ತದೆಂದು ಹೇಳುತ್ತಾಳೆ. ಹೇಳುವುದೇನು ಬಂತು, ಬೈಯುತ್ತಾಳೆ. ಮೈಕಿನ ಗುಂಡಿ ಒತ್ತುವವಳು ನಾನು, ಥೆಲ್ಮಾ. ಶನಿವಾರ ಮೈದಾನದ ಕ್ಯಾಂಟೀನಿನಲ್ಲಿ ಮಾಂಸದ ಪೈ ಬಿಸಿ ಮಾಡುವವಳೂ ನಾನೇ. ನಮ್ಮಂಥ ಊರಲ್ಲಿ ಒಬ್ಬೊಬ್ಬರೂ ನಾಲ್ಕು ಕೆಲಸ ಮಾಡದಿದ್ದರೆ ಊರೇ ನಡೆಯುವುದಿಲ್ಲ.

ಉಳಿದ ವಾರಗಳಲ್ಲಿ ವೆರ್ನಾಳ ಬೈಗುಳಕ್ಕೆ ಉಪ್ಪುಖಾರ ಸ್ವಲ್ಪ ಕಡಿಮೆ. ಆದರೆ ಉಪ್ಪುಕೆರೆಯ ಆಚೆ ದಡದ ನಲ್ಬಿನ್ ಜೊತೆ ಆಟವಿದ್ದ ವಾರ ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂರಬೇಕು, ಯಾವಾಗ ಯಾವ ಮಾತು ಉದುರುತ್ತದೋ ಎಂದು.

“ನಲ್ಬಿನ್ ಹುಡುಗ್ರಿಗೆ ಗೋಲುಕಂಬ ಎಲ್ಲಿದೆ ಅಂತ ಗೊತ್ತಾಗ್ಬೇಕಾದ್ರೆ ಹಿಂದಿಂದ ಕುರಿನಾಯಿ ಅಟ್ಟಿಸ್ಕೊಂಡು ಹೋಗ್ಬೇಕು. ಅವರ ಫುಲ್ ಬ್ಯಾಕ್ ತಿರುಗೋದು ನೋಡಿದೀರಾ? ನಮ್ಮ ಗೋಧಿ ಕಣಜ ಅವನಿಗಿಂತ ಬೇಗ ತಿರುಗುತ್ತೆ!”

ಇಷ್ಟು ಬೈಯುವವಳು ಹುಟ್ಟಿದ್ದೇ ನಲ್ಬಿನ್‌ನಲ್ಲಿ! ನೋಸ್ಕೆ ಮನೆತನದ ಮಗಳು. ನಮ್ಮೂರ ಲೆಸ್ ಪ್ಯಾಸ್ಕೋ ಒಂದು ವರ್ಷ ಅವರ ಮೇಲೆ ಮನಸೋ ಇಚ್ಛೆ ಗೋಲು ಹೊಡೆದ. ಇವಳು ಅವನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳು. “ಕುಡುಕನ್ನ ಕಟ್ಕೋ, ಕಳ್ಳನ್ನ ಕಟ್ಕೋ, ಗರ್ಟೂಕ್‌ನವನು ಮಾತ್ರ ಬೇಡ” ಎಂದು ಅವಳಪ್ಪ ಹೇಳಿದ್ದನ್ನು ಅವಳೇ ನಗುತ್ತಾ ಹೇಳಿಕೊಳ್ಳುತ್ತಾಳೆ. ಮದುವೆಯ ಮಾರನೆಯ ಶನಿವಾರದಿಂದಲೇ ಅವಳ ಕಾರು ಮೈದಾನದ ಬೇಲಿಗೆ ಮೂತಿ ತಾಗಿಸಿ ನೀಲಗಿರಿ ಮರಗಳ ಕಡೆ ನಿಂತಿತು. ಅದು ನಮ್ಮ ಕಡೆ. ಕಣಜದ ಕಡೆ ನಲ್ಬಿನ್‌ನವರದ್ದು. ಅಪ್ಪ ನಿಲ್ಲಿಸಿದ ಜಾಗದಲ್ಲೇ ಮಗ ನಿಲ್ಲಿಸುತ್ತಾನೆ. ತಮ್ಮವರು ಗೋಲು ಹೊಡೆದರೆ ಆ ಕಡೆಯ ಕಾರುಗಳೆಲ್ಲ ಹಾರ್ನ್ ಬಾರಿಸುತ್ತವೆ. ಈ ಐವತ್ತು ವರ್ಷದಲ್ಲಿ ಒಂದು ಕಾರೂ ತಪ್ಪಿ ಬಾರಿಸಿದ್ದು ನಾನು ಕೇಳಿಲ್ಲ.

ಲೆಸ್ ಈಗಿಲ್ಲ. ಅವನ ಬೂದಿಯನ್ನು ಮರದ ಕಡೆಯ ಗೋಲುಕಂಬದ ಬುಡಕ್ಕೆ ಹಾಕಿದ್ದೇವೆ, ಅವನೇ ಕೇಳಿಕೊಂಡಿದ್ದು. ಚೆಂಡು ಆ ಕಡೆ ಬಿದ್ದಾಗಲೆಲ್ಲ ವೆರ್ನಾ “ಲೆಸ್, ತಲೆ ಬಗ್ಗಿಸು!” ಎಂದು ಕೂಗುತ್ತಾಳೆ.

ವೆರ್ನಾಳ ತಮ್ಮ ಎರ್ವಿನ್ ನೋಸ್ಕೆ ಇನ್ನೂ ನಲ್ಬಿನ್‌ನಲ್ಲೇ ಇದ್ದಾನೆ, ಅಲ್ಲಿನ ಕ್ಲಬ್ಬಿನ ಅಧ್ಯಕ್ಷ. ಅಕ್ಕ ತಮ್ಮಂದಿರಿಗೆ ಒಂದು ಕಟ್ಟಳೆ ಉಂಟು. ಉಪ್ಪುಕೆರೆ ಆಟದ ವಾರ ಸೋಮವಾರದಿಂದ ಇಬ್ಬರೂ ಮಾತಾಡುವ ಹಾಗಿಲ್ಲ. ಶನಿವಾರ ಸಂಜೆ ಸೋತವರು ಫೋನ್ ಮಾಡಬೇಕು, ಗೆದ್ದವರು ಬಾಯಿತುಂಬ ಹಂಗಿಸಬೇಕು. ಹಾಗೆಂದು ಎರ್ವಿನ್ ಶುಕ್ರವಾರದ ರೇಡಿಯೋ ಬಿಡುವವನಲ್ಲ. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನಿಂತು ಅಕ್ಕನ ಬೈಗುಳ ಪೂರ್ತಿ ಕೇಳಿ ರೇಡಿಯೋಕ್ಕೆ ಸ್ಪಾನರ್ ಎಸೆಯುತ್ತಾನಂತೆ. ಇದು ಅವನ ಹೆಂಡತಿ ನನಗೆ ಹೇಳಿದ್ದು.

ಇಷ್ಟು ವರ್ಷ ಎಲ್ಲ ಸರಿಯಾಗಿತ್ತು. ಈ ವರ್ಷವೇ ನಮ್ಮ ತಲೆ ಕೆಟ್ಟು ಗೊಬ್ಬರವಾದದ್ದು.

ನಮ್ಮ ಈ ಫುಟ್‌ಬಾಲನ್ನು ಕೈಯಲ್ಲೂ ಹಿಡಿದು ಆಡುತ್ತಾರೆ, ಒಂದೊಂದು ಕಡೆಗೆ ಹದಿನೆಂಟು ಜನ ಬೇಕು. ನಮ್ಮಲ್ಲಿ ಜನ ಎಲ್ಲಿದ್ದಾರೆ? ಜಮೀನು ದೊಡ್ಡದಾಯಿತು, ಮನೆಗಳು ಕಡಿಮೆಯಾದವು, ಶಾಲೆಗೆ ಬೀಗ ಬಿತ್ತು. ಮೇ ತಿಂಗಳಲ್ಲಿ ಒಮ್ಮೆ ತಂಡ ಸಾಲದೆ ಆಟ ಬಿಟ್ಟುಕೊಟ್ಟೆವು. ಇನ್ನೊಮ್ಮೆ ಬಿಟ್ಟುಕೊಟ್ಟರೆ ಲೀಗಿನಿಂದ ಹೆಸರು ಹೊಡೆದುಹಾಕುತ್ತಾರೆ. ಕ್ಲಬ್ಬು ಮುಚ್ಚಿದರೆ ಮೈದಾನಕ್ಕೆ ನೀರು ಬಿಡುವವರು ಯಾರು? ಎರಡು ಬೇಸಿಗೆಯಲ್ಲಿ ಅದು ಮುಳ್ಳುಕಳೆಯ ಬಯಲು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ವೆರ್ನಾ ಗೋಲುಕಂಬ ನೋಡುವ ರೀತಿಯಲ್ಲೇ ನಮಗೆ ಗೊತ್ತಾಗುತ್ತಿತ್ತು.

ಗುರುವಾರ ಸಂಜೆ ಅಭ್ಯಾಸ ಮುಗಿದ ಮೇಲೆ ಕ್ಲಬ್ಬಿನಲ್ಲಿ ಎಲ್ಲರಿಗೂ ಊಟ. ಊಟದ ಜೊತೆ ಶನಿವಾರದ ತಂಡದ ಹೆಸರು ಓದುವುದು ವಾಡಿಕೆ. ಉಪ್ಪುಕೆರೆ ಆಟದ ಆ ಗುರುವಾರ ಕೋಚ್ ಬ್ರ್ಯಾಡನ್ ಎದ್ದುನಿಂತ, ಹೆಸರು ಓದಲಿಲ್ಲ.

“ಮೂರು ಜನ ಕಮ್ಮಿ. ಇಬ್ಬರದು ಮಂಡಿ ಹೋಗಿದೆ. ಒಬ್ಬನ ಹೆಂಡ್ತಿಗೆ ಹೆರಿಗೆ ನೋವು” ಎಂದ.

“ಹೆರೋದು ಅವನಲ್ಲವಲ್ಲ!” ಎಂದು ಹಿಂದಿನ ಮೇಜಿನಿಂದ ಯಾರೋ ಕೂಗಿದರು. ಯಾರೂ ನಗಲಿಲ್ಲ.

ಎದುರಾಳಿ ಕ್ಲಬ್ಬಿನ ಅಧ್ಯಕ್ಷ ಒಪ್ಪಿದರೆ ಅವರ ಎರಡನೇ ತಂಡದ ಹುಡುಗರನ್ನು ಒಂದು ದಿನದ ಮಟ್ಟಿಗೆ ಎರವಲು ತರಬಹುದು, ಲೀಗಿನ ನಿಯಮ ಅದಕ್ಕೆ ಅಡ್ಡಬರುವುದಿಲ್ಲ. ಆದರೆ ಅಧ್ಯಕ್ಷ ಎಂದರೆ ಎರ್ವಿನ್. ಈ ವಾರ ಅಕ್ಕ ಮರೆತು ಫೋನ್ ಮಾಡಿಯಾಳೆಂದು ಅವನು ಫೋನಿನ ತಂತಿಯನ್ನೇ ಕಿತ್ತಿಡುತ್ತಾನೆ. ಮೊಬೈಲು ಅವನ ಹೊಲದಲ್ಲಿ ಹಿಡಿಯುವುದಿಲ್ಲ. ಬ್ರ್ಯಾಡನ್ ಅಂದು ಮಧ್ಯಾಹ್ನ ಅವನ ಮನೆಗೇ ಹೋಗಿಬಂದಿದ್ದ.

“ಏನಂದ?” ಎಂದಳು ವೆರ್ನಾ.

“ಏನನ್ನೋದು? ಅವನ ನಾಯಿ ನನ್ನ ಕಾರಿಂದ ಇಳಿಯೋಕೇ ಬಿಡ್ಲಿಲ್ಲ. ಕಿಟಕಿ ಗಾಜು ಏರಿಸ್ಕೊಂಡೇ ಕೂಗಿದೆ. ‘ಗರ್ಟೂಕ್‌ನೋರ ಜೊತೆ ಮಾತು ಭಾನುವಾರ’ ಅಂತ ಒಳಗೆ ಹೋದ.”

ಎಲ್ಲರ ಕಣ್ಣೂ ವೆರ್ನಾಳ ಮೇಲೆ ಬಿತ್ತು. ಅವಳು ತಟ್ಟೆಯಲ್ಲಿದ್ದ ಬಟಾಣಿಯನ್ನು ಆ ಅಂಚಿನಿಂದ ಈ ಅಂಚಿಗೆ ತಳ್ಳುತ್ತಿದ್ದಳು.

“ನನ್ನನ್ಯಾಕೆ ನೋಡ್ತೀರೋ? ಈ ವಾರ ನಾನು ಅವನ ಹತ್ರ ಮಾತಾಡಲ್ಲ. ಮಾತಾಡಿದ್ರೆ ಕಟ್ಟಳೆ ಮುರೀತು. ಕಟ್ಟಳೆ ಮುರಿದ್ಮೇಲೆ ಅದೆಂಥ ಉಪ್ಪುಕೆರೆ ಆಟ?”

“ಆಟಾನೇ ಇಲ್ದಿದ್ರೆ ಕಟ್ಟಳೆ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯೇನೇ?” ಎಂದೆ ನಾನು. ನನಗೆ ಸಿಟ್ಟು ಬಂದಿತ್ತು. ಅವಳು ಕೋಟು ಹಾಕಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ರೇಡಿಯೋ ಕೋಣೆಗೆ ಬಂದಾಗ ಅವಳ ಕೋಟಿನ ಗುಂಡಿಗಳು ಮೇಲೆ ಕೆಳಗೆ ಆಗಿದ್ದವು. ಧಾರಣೆ ಓದಿ ಮುಗಿಸಿ ನಾನು ಕೈಸನ್ನೆ ಮಾಡಿದೆ. ಮೈಕು ಅವಳದಾಯಿತು.

“ನಾಳೆ ಉಪ್ಪುಕೆರೆ ಆಟ” ಎಂದಳು. “ನಲ್ಬಿನ್ ಹುಡುಗ್ರು...” ಅಲ್ಲಿಗೆ ನಿಂತಿತು. ಬೈಗುಳ ನಾಲಿಗೆಯ ತುದಿಗೆ ಬಂದು ಅಲ್ಲೇ ಕುಳಿತದ್ದು ನನಗೆ ಕಾಣುತ್ತಿತ್ತು. ಬಿಸಿತುಪ್ಪ ನೋಡಿ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

“ನಲ್ಬಿನ್ ಹುಡುಗ್ರು ಚೆನ್ನಾಗಿ ಆಡ್ತಾರೆ” ಎಂದಳು.

ಈ ಕೋಣೆಯಲ್ಲಿ ಆ ಮಾತು ಹಿಂದೆ ಯಾರೂ ಆಡಿರಲಿಲ್ಲ.

“ಅವರ ಫುಲ್ ಬ್ಯಾಕ್ ಬಗ್ಗೆ ಏನಾದ್ರೂ ಹೇಳ್ಬೇಕಿತ್ತು, ಮರೆತೋಯ್ತು. ಈಗ ನಮ್ಮ ತಂಡ ಓದ್ತೀನಿ.” ಚೀಟಿ ಬಿಡಿಸಿದಳು. ಹಿಂದಿನ ಸಾಲು ಓದಿದಳು. “ಬಲಗಡೆ ಯಾರೂ ಇಲ್ಲ.” ನಡುಸಾಲು ಓದಿದಳು. “ಅಂಚಿನಲ್ಲಿ ಯಾರೂ ಇಲ್ಲ.” ಮುಂದಿನ ಸಾಲು. “ಗೋಲಿನ ಮುಂದೆ, ಲೆಸ್ ನಿಲ್ತಿದ್ದ ಜಾಗ. ಅಲ್ಲಿಗೂ ಯಾರೂ ಇಲ್ಲ.”

ಚೀಟಿ ಮಡಿಚಿಟ್ಟಳು.

“ಎರ್ವಿನ್, ನಾನು ನಿನ್ನ ಹತ್ರ ಮಾತಾಡ್ತಿಲ್ಲ ಕಣೋ. ರೇಡಿಯೋ ಹತ್ರ ಮಾತಾಡ್ತಿದೀನಿ. ನೀನು ಉತ್ರ ಕೊಡ್ಬೇಡ. ಯಾರು ಗೆಲ್ತಾರೆ ಅಂತ ಪ್ರತಿ ಸಲ ಹೇಳ್ತಿದ್ದೆ. ಈ ಸಲ ಗೊತ್ತಾಗ್ತಿಲ್ಲ. ನೀವು ಗೆಲ್ಲಿ ಅನ್ನೋಕೆ ಬಾಯಿ ಬರಲ್ಲ. ನಾವು ಗೆಲ್ತೀವಿ ಅಂದ್ರೆ ಸುಳ್ಳಾಗುತ್ತೆ. ನಾಳೆ ಸೋತ್ರೂ ಪರವಾಗಿಲ್ಲಪ್ಪ, ಸೋಲೋಕೆ ನಾವು ಇರ್ಬೇಕಲ್ಲ...”

ಅಷ್ಟಕ್ಕೇ ಮೈಕನ್ನು ನನ್ನ ಕಡೆ ತಳ್ಳಿದಳು. ಏನು ಮಾಡಬೇಕೆಂದು ತೋಚದೆ ನಾನು ಬಾರ್ಲಿ ಧಾರಣೆಯನ್ನೇ ಎರಡನೇ ಸಲ ಓದಿದೆ, ಅದರ ಹಿಂದೆಯೇ ಸತ್ತವರ ಹೆಸರು. ಆ ದಿನ ಬಾರ್ಲಿ ಧಾರಣೆ ಯಾವುದು, ಸತ್ತವರು ಯಾರು ಎಂದು ಊರಿಗೇ ಗೊಂದಲವಾಗಿ ಸಂಜೆಯವರೆಗೂ ನನಗೆ ಫೋನು.

ಶನಿವಾರ ನಲ್ಬಿನ್‌ನವರ ಬಸ್ಸು ಬಂತು. ಹುಡುಗರೆಲ್ಲ ಇಳಿದು ಅವರ ಕೋಣೆಗೆ ಹೋದರು. ಮೂವರು ಮಾತ್ರ ಚೀಲ ಹೊತ್ತು, ಮುಖ ಗಂಟಿಕ್ಕಿಕೊಂಡು ನಮ್ಮ ಬಾಗಿಲಿಗೆ ಬಂದರು. ಮುಂದಿದ್ದವನು ಜಾರ್ವಿಸ್, ಎರ್ವಿನ್‌ನ ಮೊಮ್ಮಗ. ನಾನು ಪೈ ಇಕ್ಕಳ ಹಿಡಿದೇ ಹೊರಗೆ ಓಡಿದೆ.

“ಅಜ್ಜ ಏನಂದ?” ಎಂದಳು ವೆರ್ನಾ.

“ನಿಮಗೆ ಏನೂ ಹೇಳ್ಬೇಡ ಅಂದ. ರೇಡಿಯೋಗೆ ಹೇಳು ಅಂದ” ಎಂದ ಹುಡುಗ. “ನಾನು ಎಲ್ಲಿ ನಿಲ್ಬೇಕು?”

“ಗೋಲಿನ ಮುಂದೆ ನಿಲ್ಲಪ್ಪ” ಎಂದಳು. “ಕಂಬದ ಬುಡದಲ್ಲಿ ಮಾತ್ರ ಜೋರಾಗಿ ತುಳೀಬೇಡ.”

ಆಮೇಲೆ ನಡೆದದ್ದು ನನಗಂತೂ ಕೊನೆಯವರೆಗೂ ತಲೆಬುಡ ತಿಳಿಯಲಿಲ್ಲ. ನಮ್ಮ ಜೆರ್ಸಿ ತೊಟ್ಟ ಜಾರ್ವಿಸ್ ಮೊದಲ ವಿರಾಮದಲ್ಲಿ ಅಭ್ಯಾಸಬಲದಿಂದ ನಲ್ಬಿನ್ ಗುಂಪಿಗೇ ಓಡಿದ, ಅವರ ಕೋಚ್ ಕಿವಿ ಹಿಡಿದು ಈಚೆಗೆ ಕಳಿಸಿದ. ನಲ್ಬಿನ್ ಹೆಂಗಸರು “ನಮ್ಮ ಹುಡುಗ, ಬಿಡಬೇಡ!” ಎನ್ನುತ್ತಾರೆ, ಮರುಕ್ಷಣ “ಅಯ್ಯೋ, ಹಿಡ್ಕೊಳ್ಳಿ ಅವನನ್ನ!” ಎನ್ನುತ್ತಾರೆ. ನಮ್ಮವರು ಅವನಿಗೆ ಜೈ ಅನ್ನಬೇಕೋ ಬೇಡವೋ ತಿಳಿಯದೆ ಪೈ ತಿಂದರು. ಅಂದಿನಷ್ಟು ಪೈ ನಾನು ಯಾವತ್ತೂ ಮಾರಿಲ್ಲ.

ಆಟದ ನಾಲ್ಕು ಪಾಲುಗಳಲ್ಲಿ ಮೂರನೆಯದರಲ್ಲಿ ಅದಾಯಿತು. ಚೆಂಡು ಮೇಲಕ್ಕೆ ಹೋಯಿತು, ಜಾರ್ವಿಸ್ ಒಬ್ಬನ ಹೆಗಲ ಮೇಲೇರಿ ಹಿಡಿದ, ಎರಡು ಹೆಜ್ಜೆ ಹಿಂದೆ ಸರಿದು ಒದ್ದ. ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮಧ್ಯೆ ನೇರ ಗೋಲು!

ಪೈ ಎಲ್ಲ ಖಾಲಿಯಾಗಿ ನಾನು ವೆರ್ನಾಳ ಕಾರಿನಲ್ಲಿ ಪಕ್ಕಕ್ಕೇ ಕುಳಿತಿದ್ದೆ. ಅವಳ ಕೈ ಹಾರ್ನಿನ ಮೇಲೆ ಬಂದು ನಿಂತಿತು, ಒತ್ತಲಿಲ್ಲ. ನಮ್ಮ ಕಡೆಯ ಕಾರುಗಳೆಲ್ಲ ಅವಳನ್ನು ಕಾಯುತ್ತಾ ಗಪ್‌ಚಿಪ್.

“ಒತ್ತೇ” ಎಂದೆ.

“ನಮ್ಮದೋ ಅವರದೋ ಥೆಲ್ಮಾ?”

“ನನಗೇನು ಗೊತ್ತು!”

ಆಗ ಮೈದಾನದ ಆಚೆ, ಕಣಜದ ಕಡೆಯಿಂದ, ಉದ್ದಕ್ಕೆ ಒಂದು ಹಾರ್ನ್ ಬಂತು. ಎರ್ವಿನ್‌ನ ಹಳೇ ಪಿಕಪ್ಪು, ಅದರ ಗೊಗ್ಗರು ದನಿ ಇಡೀ ಜಿಲ್ಲೆಗೇ ಗೊತ್ತು. ನಲ್ಬಿನ್‌ನವರೆಲ್ಲ ಕತ್ತು ತಿರುಗಿಸಿ ಅವನನ್ನು ನೋಡಿದರು. ಒಬ್ಬ ಇಳಿದು ಬಂದು ಬಾನೆಟ್ ಮೇಲೆ ಬಡಿದು ಬೈದದ್ದು ಇಲ್ಲಿಗೂ ಕಾಣಿಸಿತು. ಎರ್ವಿನ್ ಕೈ ತೆಗೆಯಲಿಲ್ಲ. ವೆರ್ನಾ ಎರಡೂ ಅಂಗೈ ಊರಿ ಒತ್ತಿದಳು. ಆಮೇಲೆ ಎರಡೂ ಕಡೆಯ ಕಾರುಗಳು ಒಟ್ಟಿಗೇ ಹೊಡೆದುಕೊಂಡವು. ಪಾಪ, ಅಂಪೈರ್ ಕಿವಿ ಮುಚ್ಚಿಕೊಂಡ.

ಒಂಬತ್ತು ಗೋಲಿನಿಂದ ಸೋತೆವು. ಆದರೆ ಹದಿನೆಂಟು ಜನ ಆಡಿ ಸೋತೆವು, ಲೀಗಿನಲ್ಲಿ ನಮ್ಮ ಹೆಸರು ಹಾಗೇ ಉಳಿಯಿತು.

ಸಂಜೆ ನಾನು ಅವಳ ಜೊತೆ ಮನೆಗೆ ಹೋದೆ. ಸೋತವಳಲ್ಲವೇ, ಫೋನ್ ಮಾಡಬೇಕಿತ್ತು. ಕನ್ನಡಕ ಹಾಕಿಕೊಂಡು ನಂಬರ್ ಒತ್ತಲು ಕೈ ಚಾಚಿದಳು, ಅಷ್ಟರಲ್ಲಿ ಫೋನೇ ಹೊಡೆದುಕೊಂಡಿತು. ಎರ್ವಿನ್‌ಗೆ ಕಿವಿ ಮಂದ, ಮಾತು ಜೋರು, ಹಾಗಾಗಿ ನನಗೂ ಎಲ್ಲ ಕೇಳಿಸಿತು.

“ಸೋತೋರು ಫೋನ್ ಮಾಡ್ಬೇಕಲ್ಲ. ಮಾಡಿದೀನಿ.”

“ಗೆದ್ದೋರು ನೀವು ಕಣೋ! ಒಂಬತ್ತು ಗೋಲು!”

“ನನ್ನ ಊರೋರ ಎದುರಿಗೆ ನಿಮ್ಮ ಗೋಲಿಗೆ ಹಾರ್ನ್ ಹೊಡೆದೆ. ಇದಕ್ಕಿಂತ ಸೋಲು ಬೇಕಾ? ಹೋಗ್ಲಿ ಬಿಡು. ನಿನ್ನೆ ಯಾಕೆ ಬೈಲಿಲ್ಲ ನೀನು?”

ವೆರ್ನಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

“ಸ್ಪಾನರ್ ಕೈಯಲ್ಲಿ ಹಿಡ್ಕೊಂಡೇ ನಿಂತಿದ್ದೆ. ‘ಚೆನ್ನಾಗಿ ಆಡ್ತಾರೆ’ ಅಂದ್ಯಲ್ಲ, ನನಗೆ ಕೈಕಾಲು ತಣ್ಣಗಾಯ್ತು. ಅಪ್ಪ ಸಾಯೋ ಮುಂಚೆ ಎಲ್ಲರಿಗೂ ಒಳ್ಳೇ ಮಾತಾಡಿದ್ನಲ್ಲ, ಹಾಗೆ. ಬೈದಿದ್ರೆ ಒಬ್ಬನ್ನೂ ಕಳಿಸ್ತಿರಲಿಲ್ಲ, ಸತ್ಯವಾಗ್ಲೂ. ವೆರ್ನಾ, ನೀನು ಆರಾಮಾಗಿದೀಯಾ?”

ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸ್ವೆಟರಿನ ತೋಳಿನಲ್ಲೇ ಒರೆಸಿಕೊಂಡಳು.

“ನಿಮ್ಮ ಫುಲ್ ಬ್ಯಾಕ್ ಇದಾನಲ್ಲ,” ಎಂದಳು, “ಅವನನ್ನ ಯಾರಾದ್ರೂ ಬೇಲಿಗೂಟ ಅಂದ್ಕೊಂಡು ತಂತಿ ಸುತ್ತಿಬಿಟ್ಟಾರು, ನೋಡ್ಕೋ.”

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು. “ಹಾಂ. ಇನ್ನೂ ಹೇಳು” ಎಂದ ಎರ್ವಿನ್.

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ನಾನು ಟೀಗೆ ನೀರಿಟ್ಟೆ.