ಬೆಂಚಿನ ಮೇಲೆ ಷಡ್ಡಕನ ಹೆಸರು

ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುವ ಅವನಿಗೆ ಜೊತೆಯವರು ಇಟ್ಟ ಹೆಸರು ಡಬ್ಬಣ. ಅಷ್ಟು ದಪ್ಪ ಸೂಜಿಯನ್ನು ಅಷ್ಟು ನಾಜೂಕಾಗಿ ಆಡಿಸುವವರು ಬೇರೆ ಯಾರೂ ಇರಲಿಲ್ಲ. ಮಾತೂ ಹಾಗೇ ಚುಚ್ಚುತ್ತದೆ ಎನ್ನುವವರೂ ಇದ್ದರು. ಬ್ಲೇಡಿನಿಂದ ಸೀಟು ಸೀಳಿದವರ ವಂಶವನ್ನೆಲ್ಲ ಬೈಯುತ್ತ, ಸ್ಪಂಜು ತುಂಬಿ, ರೆಕ್ಸಿನ್ ಎಳೆದು ಹೊಲಿದನೆಂದರೆ ಸೀಳಿದ್ದು ಎಲ್ಲಿ ಎಂದು ಹುಡುಕಬೇಕಿತ್ತು.

ಅವನಿಗಿದ್ದ ಹೊಟ್ಟೆಯುರಿ ಒಂದೇ, ಷಡ್ಡಕ. ಹೆಂಡತಿಯ ತಂಗಿಯ ಗಂಡ, ಕ್ಷೌರದಂಗಡಿಯವನು. ಮಾವನ ಮನೆಗೆ ಮೊದಲು ಅಳಿಯನಾಗಿ ಬಂದವನು ಡಬ್ಬಣ. ಆದರೆ ಅವನು ತಮಾಷೆ ಮಾಡಿದರೆ "ಹೂಂ" ಎನ್ನುವ ಅತ್ತೆ, ಅದೇ ತಮಾಷೆಯನ್ನು ಕಿರಿಯಳಿಯ ಹೇಳಿದರೆ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನೆಂಟಸ್ತನ ಬೇರೆ, ಕೊರಳು ಬೇರೆ ಎಂದು ಡಬ್ಬಣ ತನ್ನ ಗಡ್ಡವನ್ನು ಮಾತ್ರ ಬೇರೆ ಅಂಗಡಿಯಲ್ಲೇ ಮಾಡಿಸಿಕೊಳ್ಳುತ್ತಿದ್ದ.

ಒಂದು ಸಂಜೆ ಯಾವುದೋ ಗಲಾಟೆಯಲ್ಲಿ ಒಂದು ಗುಂಪು ಕಲ್ಲು ಹಿಡಿದು ಗ್ರಂಥಾಲಯದ ಕಡೆ ನುಗ್ಗಿತು. ಎದುರಿನ ಅಂಗಡಿಯಿಂದ ಷಡ್ಡಕ ಕತ್ತರಿ ಸಮೇತ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ. ಗುಂಪಿನಲ್ಲಿ ಅರ್ಧ ಜನ ಅವನ ಗಿರಾಕಿಗಳೇ. ನಾಳೆ ನಿಮ್ಮ ತಲೆಯೆಲ್ಲ ನನ್ನ ಕೈಗೇ ಬರಬೇಕು, ನೆನಪಿರಲಿ ಎಂದನಂತೆ. ಯಾರೋ ಒಬ್ಬ ನಕ್ಕ. ನಗು ಹಬ್ಬಿತು, ಕಲ್ಲುಗಳು ಕೆಳಗೆ ಬಿದ್ದವು.

ನಗರಸಭೆಯವರು ಸಂವಿಧಾನದ ದಿನ ಅವನನ್ನು ವೇದಿಕೆಗೆ ಕರೆದರು. ಅಧಿಕಾರಿಯೊಬ್ಬರು ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಒಂದೊಂದಾಗಿ ಓದಿದರು. ಎಲ್ಲರೊಡನೆ ಸಹೋದರ ಭಾವದಿಂದ ಇರುವುದು ಎಂದಾಗ ಷಡ್ಡಕ ಡಬ್ಬಣನ ಕಡೆ ನೋಡಿ ನಕ್ಕ. ಡಬ್ಬಣ ಮೇಲೆ ತಿರುಗುವ ಫ್ಯಾನ್ ನೋಡಿದ. ಸಾರ್ವಜನಿಕ ಆಸ್ತಿಯನ್ನು ಕಾಪಾಡುವುದು, ಹಿಂಸೆಯನ್ನು ತೊರೆಯುವುದು ಎಂದಾಗ ಚಪ್ಪಾಳೆಯೋ ಚಪ್ಪಾಳೆ. ವಾರದೊಳಗೆ ಗ್ರಂಥಾಲಯದ ಮುಂದೆ ಸಿಮೆಂಟಿನ ಬೆಂಚು ಬಂತು. ಅದರ ಬೆನ್ನಿನ ಮೇಲೆ ನೀಲಿ ಬಣ್ಣದಲ್ಲಿ 'ಕರ್ತವ್ಯನಿಷ್ಠ ನಾಗರಿಕ' ಎಂದು ಬರೆದು, ಕೆಳಗೆ ಷಡ್ಡಕನ ಹೆಸರು ಹಾಕಿದ್ದರು.

ಡಬ್ಬಣ ಕೆಲಸಕ್ಕೆ ಹೋಗುವ ಬಸ್ಸು ಆ ಬೀದಿಯಲ್ಲೇ ತಿರುಗುತ್ತಿತ್ತು. ಮುಖ ಬೇರೆ ಕಡೆ ಮಾಡಿ ಕೂತರೂ ಕಣ್ಣು ಕೇಳುತ್ತಿರಲಿಲ್ಲ. ಮನೆಯಲ್ಲಿ ಅನ್ನದ ಜೊತೆ ಷಡ್ಡಕನ ಹೊಗಳಿಕೆಯನ್ನೂ ಬಡಿಸುತ್ತಿದ್ದಳು ಹೆಂಡತಿ. ಒಂದು ದಿನ ಇವನು ತಡೆಯಲಾರದೆ, ಇಷ್ಟು ವರ್ಷ ಸಾರ್ವಜನಿಕ ಆಸ್ತಿ ಕಾಪಾಡಿದವನು ಯಾರು ಎಂದು ಕೇಳಿಬಿಟ್ಟ.

"ನೀವು ಸಂಬಳಕ್ಕೆ ಮಾಡ್ತೀರಿ. ಅವ್ರು ಸುಮ್ನೆ ಮಾಡಿದ್ರು," ಎಂದಳು ಅವಳು, ಪಲ್ಯ ಬಡಿಸುತ್ತ.

ಆ ಮಾತು ಮುಳ್ಳಾಗಿ ಕೂತಿತು. ಭಾನುವಾರ ಮಧ್ಯಾಹ್ನ, ಗ್ರಂಥಾಲಯ ಮುಚ್ಚಿ ಬೀದಿ ಬಿಕೋ ಎನ್ನುವಾಗ, ಡಬ್ಬಣ ರೆಕ್ಸಿನ್ ಕೊಯ್ಯುವ ಚಾಕು ಜೇಬಿಗೆ ಹಾಕಿಕೊಂಡು ಹೋದ. ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಹೆಸರನ್ನು ಕೆರೆಯತೊಡಗಿದ. ಮೊದಲ ಅಕ್ಷರ ಪುಡಿಯಾಗಿ ಉದುರಿದಾಗ ಎದೆಯೊಳಗೆ ತಂಪಾಯಿತು. ಸೀಟು ಸೀಳುವವನಿಗೂ ಹೀಗೇ ಆಗುತ್ತಿರಬೇಕು ಎಂದು ಹೊಳೆದರೂ ಕೈ ನಿಲ್ಲಲಿಲ್ಲ. ಪೂರ್ತಿ ಹೆಸರು ಹೋಗಿ, ಸಿಮೆಂಟಿನಲ್ಲಿ ಗುಳಿ ಬಿದ್ದ ಮೇಲೆ ತಲೆಯೆತ್ತಿದ. ಷಡ್ಡಕ ನಿಂತಿದ್ದ.

"ನನ್ನ ಹೆಸ್ರು ನಿಮಗೆ ಇಷ್ಟು ಚುಚ್ಚುತ್ತಾ, ಅಣ್ಣಾ?"

ಡಬ್ಬಣನಿಗೆ ಸುಳ್ಳು ಹೊಳೆಯಲಿಲ್ಲ. "ಚುಚ್ಚುತ್ತೆ. ನಿನ್ನನ್ನ ಎಲ್ರೂ ನೋಡ್ತಾರೆ. ನನ್ನ ಕೆಲ್ಸದ ಮೇಲೆ ಕೂತು ಎದ್ದು ಹೋಗ್ತಾರೆ, ಅಷ್ಟೇ."

ಷಡ್ಡಕ ನಗಲಿಲ್ಲ. ಗುಳಿಯ ಮೇಲೆ ಬೆರಳಾಡಿಸಿದ. "ಹೆಸ್ರು ಹೋದ್ರೆ ಹೋಗ್ಲಿ. ಬೆಂಚು ಊರಿಂದು. ಇದನ್ನ ಸರಿ ಮಾಡ್ಬೇಕು."

ಇಬ್ಬರೂ ಸೇರಿ ಸಿಮೆಂಟು ಕಲಸಿ ಗುಳಿ ಮುಚ್ಚಿದರು. ಅದು ಒಣಗಿದ ಮೇಲೆ, ಹೆಸರು ಬೇಡವೇ ಬೇಡ ಎಂದು ಷಡ್ಡಕ ಅಂದರೂ ಕೇಳದೆ, ಡಬ್ಬಣ ತಾನೇ ಕುಂಚ ಹಿಡಿದು ಬರೆದ. ಒಂದೊಂದು ಅಕ್ಷರ ಬರೆಯುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು. ಆದರೆ ಕೈಗೆ ಕೆಟ್ಟ ಕೆಲಸ ಮಾಡಿ ಗೊತ್ತಿಲ್ಲ, ಅಕ್ಷರಗಳು ಮುತ್ತಿನಂತೆ ಬಂದವು.

ಮರುವಾರ ಹೆಂಡತಿ ಊಟಕ್ಕೆ ಬಡಿಸುತ್ತ ತಂಗಿಯ ಮನೆಯ ಸುದ್ದಿ ತೆಗೆದಳು. ಬಿಸಿಲಿಗೆ ಬೆಂಚಿನ ಬಣ್ಣ ಎದ್ದಿತ್ತಂತೆ, ಅಣ್ಣನೇ ಬಂದು ಚೆಂದವಾಗಿ ಬರೆದುಕೊಟ್ಟರು ಎಂದು ತಂಗಿಯ ಗಂಡ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾರಂತೆ. "ನಿಮ್ಮನ್ನ ಹೇಗೆ ಹೊಗಳ್ತಾರೆ, ಎಂಥ ದೊಡ್ಡ ಮನಸ್ಸು ನೋಡಿ ಅವ್ರದ್ದು."

ಡಬ್ಬಣ ಎತ್ತಿದ ತುತ್ತನ್ನು ತಟ್ಟೆಗೆ ಇಟ್ಟ. ತನ್ನ ತಪ್ಪನ್ನು ಮುಚ್ಚಿಟ್ಟು, ಅದರಲ್ಲೂ ಷಡ್ಡಕನೇ ಮೇಲಾಗಿದ್ದ. ಇದೊಂದನ್ನಾದರೂ ಅವನಿಗೆ ಬಿಟ್ಟುಕೊಡಬಾರದು ಎನ್ನಿಸಿತು.

"ಬಿಸಿಲಿಗೆ ಏಳ್ಲಿಲ್ಲ. ನಾನೇ ಚಾಕು ತಗೊಂಡು ಕೆರೆದೆ," ಎಂದ.

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಅವ್ರು ಹೇಳ್ಲಿಲ್ವಲ್ಲ."

"ಅವನು ಹೇಳಲ್ಲ. ನಾನು ಹೇಳ್ತಿದ್ದೀನಿ."

ಆಮೇಲೆ ಆ ಊಟದಲ್ಲಿ ಷಡ್ಡಕನ ಮಾತು ಬರಲಿಲ್ಲ. ಅವಳು ಎದುರಿಗೆ ಕೂತು ಗಂಡನನ್ನೇ ನೋಡುತ್ತಿದ್ದಳು. ಕೋಪದಿಂದಲೇ ಇರಬಹುದು, ಆದರೂ ಅವನನ್ನೇ.