ಚುಲಿಯ ಕಂಕುಳ ಸಿಕ್ಕು

ಯಾಂಗ್ಡೋಲಳಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಚಿಕ್ಕವಳಿದ್ದಾಗ ಅಕ್ಕನ ಹವಳದ ಸರದ ಮೇಲೆ ಕಣ್ಣು. ಮದುವೆಯಾದ ಮೇಲೆ ಪಕ್ಕದ ಡೇರೆಯವರ ಕರಾವಿನ ಮೇಲೆ ಕಣ್ಣು. ಒಂದು ವರ್ಷವಂತೂ ಯಾರದೋ ಹೊಸ ಪ್ರೆಶರ್ ಕುಕ್ಕರ್ ನೋಡಿ ಬಂದು ಎರಡು ದಿನ ಗಂಡನ ಜೊತೆ ಮಾತು ಬಿಟ್ಟಿದ್ದಳು. ಆದರೆ ಐವತ್ತಾರು ತುಂಬಿದ ಮೇಲೆ, ಮೊಣಕಾಲುದ್ದವೂ ಇಲ್ಲದ ಒಂದು ನಾಯಿಮರಿಗಾಗಿ ಹೊಟ್ಟೆ ಉರಿಸಿಕೊಳ್ಳುವ ಕಾಲ ಬರುತ್ತದೆಂದು ಅವಳೂ ಎಣಿಸಿರಲಿಲ್ಲ, ಅದೇ ಓಣಿಯಲ್ಲಿರುವ ನಾವೂ ಎಣಿಸಿರಲಿಲ್ಲ.

ಮರಿಯ ಹೆಸರು ಚುಲಿ. ಚುಲಿ ಅಂದರೆ ಜರ್ದಾಳು ಹಣ್ಣು. ಬಣ್ಣವೂ ಹಾಗೇ, ಒಣಗಿಸಿದ ಜರ್ದಾಳಿನದು. ಕಣ್ಣು ಮುಚ್ಚುವಷ್ಟು ಕೂದಲು, ನೆಲ ಗುಡಿಸುವಷ್ಟು ಹೊಟ್ಟೆಯ ಕೂದಲು. ಬೇಸಿಗೆಯ ಕೊನೆಗೆ ಗೊಂಪದಿಂದ, ಅಂದರೆ ಬೌದ್ಧ ಮಠದಿಂದ, ಗಂಡನ ಕಡೆಯ ಲಾಮಾ ಮಾವ ಅದನ್ನು ನಿಲುವಂಗಿಯೊಳಗೆ ಬೆಚ್ಚಗಿಟ್ಟುಕೊಂಡು ತಂದಿದ್ದರು. ಈ ಜಾತಿಯ ನಾಯಿಯನ್ನು ಯಾರೂ ಮಾರುವುದಿಲ್ಲ, ಕೊಡುತ್ತಾರೆ. ಕೊಟ್ಟವರಿಗೆ ಹಿಂದಕ್ಕೆ ಕೇಳುವ ಹಕ್ಕೂ ಇರುತ್ತದೆ. "ಲೋಸರ್ ಹಬ್ಬಕ್ಕೆ ಬಂದು ನೋಡ್ತೀನಿ. ಚೆನ್ನಾಗಿ ನೋಡ್ಕೊಂಡಿದ್ರೆ ನಿಮ್ಮನೇಲೇ ಇರ್ಲಿ. ಇಲ್ಲಾಂದ್ರೆ ಬೇರೆ ಮನೆ ಇದೆ," ಎಂದು ನಗುತ್ತಲೇ ಹೇಳಿ ಹೋದರು. ಲೋಸರ್ ಅಂದರೆ ನಡುಚಳಿಗಾಲದ ಹೊಸವರ್ಷ. ನಗುತ್ತ ಹೇಳಿದ ಮಾತನ್ನು ಮಾವ ಮರೆಯುವವರಲ್ಲ.

ಮನೆಯಲ್ಲಿ ಹೆಂಗಸರು ಇಬ್ಬರು. ಅಣ್ಣನ ಹೆಂಡತಿ ಯಾಂಗ್ಡೋಲ್, ತಮ್ಮನ ಹೆಂಡತಿ ಕುಂಜೆಸ್. ಗಂಡಂದಿರಿಬ್ಬರೂ ಲಾರಿ ಓಡಿಸುವವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹೀಗಾಗಿ ಮರಿ ಯಾರದು ಎಂಬ ಮಾತು ಈ ಓರಗಿತ್ತಿಯರ ನಡುವೆಯೇ ಇತ್ಯರ್ಥವಾಗಬೇಕಿತ್ತು.

ನ್ಯಾಯವಾಗಿ ಅದು ತನಗೇ ಸೇರಬೇಕು ಎಂಬುದು ಯಾಂಗ್ಡೋಲಳ ಲೆಕ್ಕ. ಯಾಕೆ ಸೇರಬಾರದು? ಚಾಂಗ್‌ಥಾಂಗ್ ಬಯಲಿನಲ್ಲಿ ಹುಟ್ಟಿ, ಮೂವತ್ತೈದು ವರ್ಷ ಪಶ್ಮೀನಾ ಮೇಕೆಗಳ ಮೈ ಬಾಚಿದ ಕೈ ಅದು. ಬೇಸಿಗೆ ಶುರುವಾಗುವ ಹೊತ್ತಿಗೆ ಮೇಕೆಯನ್ನು ಮಲಗಿಸಿ, ಕಾಲು ಕಟ್ಟಿ, ಕಬ್ಬಿಣದ ಹಲ್ಲಿನ ಬಾಚಣಿಗೆಯಿಂದ ಬುಡದಿಂದಲೇ ಎಳೆದು ಒಳಗಿನ ನುಣುಪು ಉಣ್ಣೆ ತೆಗೆಯುವ ಕೆಲಸ. ಅವಳ ಕೈಕೆಳಗೆ ಯಾವ ಮೇಕೆಯೂ ಅರಚಿದ್ದಿಲ್ಲ. "ಯಾಂಗ್ಡೋಲ್ ಕೈ" ಅನ್ನುವುದು ಆ ಬಯಲಲ್ಲಿ ಒಂದು ಮಾತೇ ಆಗಿತ್ತು. ಆಮೇಲೆ ಎರಡು ಚಳಿಗಾಲ ಒಂದರ ಮೇಲೊಂದು ಹಿಮ ಬಿದ್ದು ಅರ್ಧ ಹಿಂಡು ಸತ್ತಿತು. ಉಳಿದದ್ದನ್ನು ಕೊಟ್ಟು ಲೇಹ್ ಪಟ್ಟಣದ ಅಂಚಿನ ಈ ಕಾಲೊನಿಗೆ ಬಂದರು. ಇಲ್ಲಿ ಅವಳ ಕೈಗೆ ಅಂಥ ಕೆಲಸವೇ ಇಲ್ಲ. ಬಾಚಣಿಗೆಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು.

ಮರಿ ಬಂದ ಮರುದಿನವೇ ಆ ಗಂಟು ಬಿಚ್ಚಿದಳು. ಅಲ್ಲೇ ಎಡವಿದ್ದು. ಮೇಕೆ ಬಾಚಿದವಳಿಗೆ ಮೇಕೆ ಬಾಚುವುದೇ ತಾನೆ ಗೊತ್ತು? ಮರಿಯನ್ನು ಅಂಗಾತ ಮಲಗಿಸಿದಳು, ನಾಲ್ಕು ಕಾಲನ್ನೂ ಹಗ್ಗದಿಂದ ಕಟ್ಟಿದಳು, ಬುಡಕ್ಕೆ ಬಾಚಣಿಗೆ ಹಾಕಿ ಎಳೆದಳು. ಮರಿ ಕಿರುಚಿದ ಕಿರುಚಾಟಕ್ಕೆ ಓಣಿಯ ಎರಡು ಬಾಗಿಲು ತೆರೆದವು. ಉಚ್ಚೆ ಹೊಯ್ದುಕೊಂಡು ನಡುಗುತ್ತಿದ್ದ ಅದನ್ನು ಕುಂಜೆಸ್ ಓಡಿಬಂದು ಬಿಚ್ಚಿ ಎದೆಗೆ ಅವಚಿಕೊಂಡಳು.

"ಅಯ್ಯೋ ಅಕ್ಕಾ, ಇದೇನು ಮೇಕೆನಾ?"

ಅಷ್ಟೇ ಮಾತು. ಆದರೆ ಅದು ಯಾಂಗ್ಡೋಲಳ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಅಂದಿನಿಂದ ಚುಲಿ ಕುಂಜೆಸಳ ಹಿಂದೆ ಹಿಂದೆ. ಯಾಂಗ್ಡೋಲ್ ಬಂದರೆ ಮಂಚದ ಕೆಳಗೆ.

ಕುಂಜೆಸ್ ಪಟ್ಟಣದಲ್ಲೇ ಹುಟ್ಟಿ ಬೆಳೆದವಳು. ಮರಿಗೆ ದಿನ ಬಿಟ್ಟು ದಿನ ಬಿಸಿನೀರ ಸ್ನಾನ, ತಲೆಗೆ ಹಾಕುವ ಶಾಂಪೂ, ಟವೆಲಿನಲ್ಲಿ ಗಸಗಸ ತಿಕ್ಕಾಟ, ಮೇಲೊಂದು ಕೆಂಪು ಸ್ವೆಟರು. ನೆಂಟರು ಬಂದರೆ "ನೋಡಿ ಎಷ್ಟು ಘಮಘಮ" ಎಂದು ಎತ್ತಿ ತೋರಿಸುವುದು. ಬಾಚುವುದು ಮಾತ್ರ ಇಲ್ಲ. ಮೊದಲ ದಿನ ಕಂಡದ್ದರ ನಂತರ ಬಾಚಣಿಗೆ ಎಂದರೆ ಅವಳಿಗೇ ಭಯ.

ಗಾಜಿನ ಕಿಟಕಿಯ ಬಿಸಿಲಲ್ಲಿ ಕೂತು ನೂಲು ಸುತ್ತುತ್ತ ಯಾಂಗ್ಡೋಲ್ ಇದನ್ನೆಲ್ಲ ನೋಡುತ್ತಿದ್ದಳು. ಉಣ್ಣೆಯನ್ನು ಒದ್ದೆ ಮಾಡಿ ತಿಕ್ಕಿದರೆ ಏನಾಗುತ್ತದೆ ಎಂದು ಅವಳಿಗೆ ಹೇಳಿಕೊಡಬೇಕೆ? ಡೇರೆಯಲ್ಲಿ ಹಾಸುವ ದಪ್ಪ ಹಾಸನ್ನು ಅವಳ ತಾಯಿ ಮಾಡುತ್ತಿದ್ದದ್ದೇ ಹಾಗೆ. ಉಣ್ಣೆ ಹರಡಿ, ಬಿಸಿನೀರು ಚಿಮುಕಿಸಿ, ಉಜ್ಜಿ ಉಜ್ಜಿ, ಎಳೆ ಎಳೆಯಾಗಿದ್ದದ್ದು ಹಲಗೆಯಷ್ಟು ಬಿಗಿಯಾಗುವವರೆಗೆ. ಸಿಕ್ಕು ಬಿಡಿಸದೆ ನೀರು ಹಾಕಿದರೆ ಸಿಕ್ಕು ಹೋಗುವುದಿಲ್ಲ, ಬೀಗ ಬೀಳುತ್ತದೆ. ಅದರಲ್ಲೂ ಮರಿಗೂದಲು ಉದುರಿ ದೊಡ್ಡ ಕೂದಲು ಬರುವ ಕಾಲ ಇದು. ಉದುರಿದ್ದು ಕೆಳಗೆ ಬೀಳದೆ ಬೆಳೆಯುವುದಕ್ಕೆ ಸುತ್ತಿಕೊಳ್ಳುತ್ತದೆ.

ಒಂದು ಮಧ್ಯಾಹ್ನ ಕುಂಜೆಸ್ ನೀರಿಗೆ ಹೋಗಿದ್ದಾಗ, ನಿದ್ದೆಯಲ್ಲಿದ್ದ ಮರಿಯ ಕಿವಿಯ ಹಿಂದೆ ಯಾಂಗ್ಡೋಲ್ ಬೆರಳಾಡಿಸಿದಳು. ಬಟಾಣಿ ಕಾಳಿನಷ್ಟು ಗಂಟು. ಬೆರಳಲ್ಲೇ ಬಿಡಿಸಬಹುದಿತ್ತು. ಒಂದು ಮಾತು ಹೇಳಿದರೂ ಸಾಕಿತ್ತು. ಅವಳು ಕೈ ಹಿಂದೆ ತೆಗೆದುಕೊಂಡಳು. 'ಆಗಲಿ. ಚೆನ್ನಾಗಿ ಬೆಳೆಯಲಿ. ಲೋಸರಿಗೆ ಮಾವ ಬರ್ತಾರಲ್ಲ, ಆವಾಗ ನೋಡ್ಲಿ ಇವಳ ಘಮಘಮ!' ಹೀಗೆಂದುಕೊಂಡಾಗ ಅವಳ ಹೊಟ್ಟೆಗೆ ಒಂದು ಬಟ್ಟಲು ಬೆಣ್ಣೆ ಚಹಾ ಇಳಿದಷ್ಟು ಹಿತವಾಯಿತು. ನಿಜ ಹೇಳಬೇಕೆಂದರೆ ಹಾಗೇ ಆಯಿತು.

ತಿಂಗಳೊಪ್ಪತ್ತು ಕಳೆಯಿತು. ಬಟಾಣಿ ಇದ್ದದ್ದು ವಾಲ್‌ನಟ್ ಆಯಿತು. ಕಿವಿಯ ಹಿಂದೆ ಎರಡು, ಕುತ್ತಿಗೆ ಪಟ್ಟಿಯ ಕೆಳಗೆ ಒಂದು ಸಾಲು, ಸ್ವೆಟರಿನ ತೋಳು ಉಜ್ಜುವ ಎರಡು ಕಂಕುಳಲ್ಲೂ ಅಂಗೈಯಗಲ. ಲೋಸರಿಗೆ ಎಂಟು ದಿನ ಉಳಿದಿರುವಾಗ ಚುಲಿ ಕುಂಟತೊಡಗಿತು. ಸ್ವೆಟರು ಬಿಚ್ಚಿ ನೋಡಿದ ಕುಂಜೆಸಳ ಮುಖ ಬಿಳಿಚಿಕೊಂಡಿತು. ಓಡಿಹೋಗಿ ಕತ್ತರಿ ತಂದಳು. ಕತ್ತರಿ ಹಿಡಿದವಳು ಹಾಗೇ ನಿಂತಳು. ಹೊರಗೆ ಬಕೆಟ್ಟಿನ ನೀರು ತಳದವರೆಗೆ ಗಟ್ಟಿಯಾಗುವ ಚಳಿ. ಬೋಳಿಸಿದರೆ ಮರಿ ಉಳಿಯುವುದಿಲ್ಲ. ಗಂಟು ಮಾತ್ರ ಕತ್ತರಿಸೋಣವೆಂದರೆ ಅದು ಚರ್ಮಕ್ಕೇ ಅಂಟಿದೆ, ಎಲ್ಲಿ ಕೂದಲು ಎಲ್ಲಿ ಚರ್ಮ ತಿಳಿಯುವುದಿಲ್ಲ. ಮೇಲಾಗಿ ಕೂದಲು ಕತ್ತರಿಸಲು ಒಳ್ಳೆಯ ದಿನ ಬೇಕಲ್ಲ. ಪಂಚಾಂಗ ನೋಡುವ ಓನ್ಪೊ ಅಜ್ಜನ ಮನೆಗೆ ಹೋಗಿ ಬಂದಳು.

"ಹಬ್ಬದವರೆಗೆ ಒಂದು ದಿನವೂ ಇಲ್ವಂತೆ. ಈಗ ಕೂದಲು ತೆಗೆದ್ರೆ ಆಯುಸ್ಸು ಕಮ್ಮಿ ಆಗತ್ತಂತೆ," ಎಂದು ಬಾಗಿಲಲ್ಲೇ ಕೂತು ಅಳತೊಡಗಿದಳು.

ಯಾಂಗ್ಡೋಲಳಿಗೆ ಮೊದಲು ಬಂದದ್ದು ಸಂತೋಷ. ಬಾಯಿ ಕಚ್ಚಿ ಅದನ್ನು ತಡೆದುಕೊಂಡು, "ಯಾಕೆ, ಶಾಂಪೂ ಖಾಲಿಯಾಯ್ತಾ?" ಎಂದಳು.

ಮಂಚದ ಕೆಳಗೆ ಓಡಿಹೋಗಲು ಹೊರಟ ಚುಲಿ, ಮುಂಗಾಲು ಎತ್ತಲಾರದೆ ಯಾಂಗ್ಡೋಲಳ ಎದುರಿಗೇ ಮಗ್ಗುಲಾಗಿ ಬಿತ್ತು. ಬಿದ್ದಲ್ಲೇ ಕಣ್ಣು ಮುಚ್ಚಿ ನಡುಗಿತು. ಅವಳು ಬಗ್ಗಿ ಕಂಕುಳಿಗೆ ಬೆರಳು ಹಾಕಿದಳು. ಗಂಟಿನಡಿಯ ಚರ್ಮ ಕೆಂಪಾಗಿ ಬಿಸಿಯಾಗಿತ್ತು, ಒಂದು ಕಡೆ ಕಿತ್ತು ಒದ್ದೆಯಾಗಿತ್ತು. ಪ್ರತಿ ಹೆಜ್ಜೆಗೂ ಅದು ಎಳೆದಿರಬೇಕು. ಬಟಾಣಿಯಷ್ಟಿದ್ದಾಗ ತಾನು ಕೈ ಹಿಂದೆ ತೆಗೆದುಕೊಂಡದ್ದು ನೆನಪಾಯಿತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಅಳೋದು ಸಾಕು. ಜರ್ದಾಳು ಬೀಜದ ಎಣ್ಣೆ ತಗೊಂಡ್ಬಾ. ಹುರಿದ ಬಾರ್ಲಿ ಹಿಟ್ಟೂ ತಾ. ಆ ಕತ್ತರಿ ಆಚೆ ಇಡು."

"ಅಕ್ಕಾ, ನಿನ್ ಹತ್ರ ನಿಲ್ಲಲ್ಲ ಅದು."

"ಗೊತ್ತು ಕಣೇ. ನಿನ್ ತೊಡೆ ಮೇಲೇ ಕೂರಿಸ್ಕೋ."

ಹೀಗೆ ಓರಗಿತ್ತಿಯರಿಬ್ಬರೂ ಕಿಟಕಿಯ ಬಿಸಿಲಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಮರಿಯ ತಲೆ ಕುಂಜೆಸಳ ಕೈಯಲ್ಲಿ, ಮೈ ಯಾಂಗ್ಡೋಲಳ ಕೈಯಲ್ಲಿ. ಈ ಸಲ ಹಗ್ಗ ಇಲ್ಲ, ಕಬ್ಬಿಣದ ಬಾಚಣಿಗೆಯೂ ಇಲ್ಲ. ಹಳೆಯದೊಂದು ಮರದ ಹಣಿಗೆ, ಮತ್ತು ಬೆರಳು. ಹರಿದ ಚರ್ಮದ ಸುತ್ತ ಹಿಟ್ಟು ಸೋಕದಂತೆ ನೋಡಿಕೊಂಡು, ಒಣ ಗಂಟಿಗೆ ಹಿಟ್ಟು ಉದುರಿಸಿ ಜಾರುವಂತೆ ಮಾಡಿದಳು. ಹಲಗೆಯಂತಾಗಿದ್ದ ಕಡೆ ಎರಡು ಹನಿ ಎಣ್ಣೆ ಬಿಟ್ಟು ಕಾದಳು. ಗಂಟಿಗೂ ಚರ್ಮಕ್ಕೂ ನಡುವೆ ಎಡಗೈಯ ಎರಡು ಬೆರಳು ತೂರಿಸಿ ಬುಡವನ್ನು ಬಿಗಿಯಾಗಿ ಹಿಡಿದಳು. ಎಳೆದರೆ ಆ ಎಳೆತ ತನ್ನ ಬೆರಳಿಗೆ ಬೀಳಬೇಕು, ಮರಿಗೆ ಬೀಳಬಾರದು. ಆಮೇಲೆ ತುದಿಯಿಂದ ಶುರು. ತುದಿ ಬಿಟ್ಟ ಮೇಲೆ ಅದಕ್ಕಿಂತ ಒಂದು ಕೂದಲೆಳೆ ಮೇಲೆ. ಮೇಕೆಗೆ ಮಾಡುತ್ತಿದ್ದದ್ದಕ್ಕೆ ಪೂರ್ತಿ ತಿರುವುಮುರುವು. ಮೂವತ್ತೈದು ವರ್ಷದ ಅಭ್ಯಾಸವನ್ನು ಆ ಕೈ ಒಂದು ಮಧ್ಯಾಹ್ನದಲ್ಲಿ ಮರೆಯಬೇಕಾಯಿತು.

ಮೊದಲ ದಿನ ಒಂದು ಕಿವಿ. ಚುಲಿ ಕುಂಜೆಸಳ ಹೆಬ್ಬೆರಳು ನೆಕ್ಕುತ್ತಲೇ ಇತ್ತು. ಯಾಂಗ್ಡೋಲಳ ಸೊಂಟ ಹಿಡಿದುಹೋಗಿತ್ತು, ಬೆರಳ ತುದಿ ಉರಿಯುತ್ತಿತ್ತು. ಆದರೂ ಅವಳ ಕಣ್ಣು ಮಾತ್ರ ಆ ಹೆಬ್ಬೆರಳಿನ ಮೇಲೆ. 'ದುಡಿಯೋಳು ನಾನು, ಮುತ್ತು ಅವಳಿಗೆ' ಎಂದುಕೊಂಡು ಕುದಿಯುತ್ತಲೇ ಇನ್ನೊಂದು ಎಳೆ ಬಿಡಿಸಿದಳು.

ಎರಡನೆಯ ದಿನ ಇನ್ನೊಂದು ಕಿವಿ, ಕುತ್ತಿಗೆ. ಮೂರನೆಯ ದಿನ ಕಂಕುಳು. ಅದಕ್ಕೆ ಮುಂಗಾಲು ಎತ್ತಿ ಹಿಡಿಯಬೇಕು. ಯಾಂಗ್ಡೋಲ್ ಪ್ರತಿ ಸಲ "ಎತ್ತು ಕಂದಾ" ಎಂದು ಎರಡು ಬೆರಳಿನಿಂದ ತಟ್ಟಿ, ಮೆಲ್ಲಗೆ ಎತ್ತಿಸಿ, ಒಂದು ಚೂರು ಒಣ ಗಿಣ್ಣು ಕೊಡುತ್ತಿದ್ದಳು. ಎಡಗಡೆಯ ಗಂಟು ಪೂರ್ತಿ ಬಿಟ್ಟುಕೊಂಡಾಗ ಮರಿ ಉದ್ದಕ್ಕೆ ಉಸಿರು ಬಿಟ್ಟು ನಿದ್ದೆ ಹೋಯಿತು.

ಆಗ ಯಾಂಗ್ಡೋಲಳಿಗೆ ತಡೆಯಲಾಗಲಿಲ್ಲ. "ಕುಂಜೆಸ್, ಇದು ಬಟಾಣಿಯಷ್ಟಿದ್ದಾಗ್ಲೇ ನಾನು ನೋಡಿದ್ದೆ. ನೀನು ನೀರು ಹಾಕಿ ತಿಕ್ಕಿದ್ರೆ ಹೀಗಾಗತ್ತೆ ಅಂತ ಗೊತ್ತಿತ್ತು. ಬೇಕು ಅಂತ್ಲೇ ಬಾಯಿ ಬಿಡಲಿಲ್ಲ. ಮಾವನ ಮುಂದೆ ನಿನ್ ಮಾನ ಹೋಗ್ಲಿ ಅಂತ."

ಕುಂಜೆಸ್ ಮರಿಯ ತಲೆ ಸವರುವುದನ್ನು ನಿಲ್ಲಿಸಲಿಲ್ಲ. "ನಂಗೂ ಒಂದು ಹದಿನೈದು ದಿನದ ಹಿಂದೇನೇ ಕೈಗೆ ಸಿಕ್ಕಿತ್ತಕ್ಕಾ," ಎಂದಳು. "ನಿನ್ನ ಕೇಳಿದ್ರೆ ಬಿಡಿಸ್ತೀಯ ಅಂತ ಗೊತ್ತಿತ್ತು. ಅದಕ್ಕೇ ಸ್ನಾನ ಬಿಟ್ಟು, ಸ್ವೆಟರ್ ಬಿಚ್ಚದೇ ಮುಚ್ಚಿಟ್ಟೆ."

"ಯಾಕೇ?"

"ನಾನು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಒಂದೇ ಮಾತು. ಯಾಂಗ್ಡೋಲ್ ಕೈ, ಯಾಂಗ್ಡೋಲ್ ಕೈ. ಅತ್ತೆ ಸಾಯೋವಾಗ್ಲೂ ನಿನ್ ಕೈನೇ ಹಿಡ್ಕೊಂಡ್ರು. ನಿನ್ನ ಬಿಟ್ಟು ನನ್ನ ಹತ್ರ ಬಂದಿದ್ದು ಅಂದ್ರೆ ಇದೊಂದೇ. ಇದನ್ನೂ ನಿನ್ ಕೈಗೆ ಕೊಟ್ರೆ ನಂಗೇನು ಉಳೀತಿತ್ತು?"

ಯಾಂಗ್ಡೋಲ್ ಬೆಪ್ಪಾಗಿ ಕೂತಳು. ತನ್ನ ಮೇಲೂ ಯಾರಾದರೂ ಹೊಟ್ಟೆಕಿಚ್ಚು ಪಡಬಹುದು ಎಂಬುದು ಅವಳಿಗೆ ಐವತ್ತಾರು ವರ್ಷದಲ್ಲಿ ಹೊಳೆದಿರಲಿಲ್ಲ. ಇಬ್ಬರೂ ಸೇರಿ ಆ ಮೂಕಪ್ರಾಣಿಯ ಕಂಕುಳು ಹರಿದಿದ್ದರು. ಆಮೇಲೆ ಯಾಂಗ್ಡೋಲ್ ಹಣಿಗೆಯನ್ನು ಕುಂಜೆಸಳ ಕೈಗಿತ್ತಳು. "ಬಲಗಡೆದು ನೀನು ಬಿಡಿಸು. ಬುಡ ಹಿಡ್ಕೋ, ತುದಿಯಿಂದ ಬಾ. ಇನ್ಮೇಲೆ ದಿನಾ ಬಾಚ್ಬೇಕು. ಬಾಚಿದ್ಮೇಲೇ ನೀರು, ಅದೂ ತಿಂಗಳಿಗೊಂದ್ಸಲ. ತಿಕ್ಕಬೇಡ, ಬಟ್ಟೆಯಲ್ಲಿ ಒತ್ತು. ಆ ಸ್ವೆಟರನ್ನ ಒಲೆಗೆ ಹಾಕು."

ಲೋಸರಿನ ದಿನ ಲಾಮಾ ಮಾವ ಬಂದರು. ಚಹಾ ಮುಟ್ಟುವ ಮೊದಲೇ ಮರಿಯನ್ನು ಎತ್ತಿಕೊಂಡು ಕಿವಿಯ ಹಿಂದೆ, ಕುತ್ತಿಗೆಯ ಕೆಳಗೆ, ಕಂಕುಳಲ್ಲಿ ಬೆರಳು ಹಾಯಿಸಿದರು. ಕಂಕುಳಲ್ಲಿ ಬೆರಳು ನಿಂತಿತು. ಒಣಗಿದ ಹಕ್ಕಳೆ ತಾಗಿರಬೇಕು.

"ಇಲ್ಲಿ ಗಾಯ ಆಗಿತ್ತು."

"ಆಗಿತ್ತು ಮಾವ," ಎಂದಳು ಯಾಂಗ್ಡೋಲ್. "ನಮ್ಮಿಬ್ಬರದೇ ತಪ್ಪು."

"ಬಿಡಿಸಿದ್ದು ಯಾರು?"

"ಅಕ್ಕನ ಕೈ," ಎಂದಳು ಕುಂಜೆಸ್. ಆ ಎರಡು ಪದ ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಯಾಂಗ್ಡೋಲಳಿಗೆ ಮಾತ್ರ ಗೊತ್ತು.

ಮಾವ ಇಬ್ಬರ ಮುಖವನ್ನೂ ನೋಡಿದರು. "ಇರ್ಲಿ ಬಿಡಿ, ಇಲ್ಲೇ ಇರ್ಲಿ," ಎಂದು ಮರಿಯನ್ನು ಕೆಳಗಿಟ್ಟರು.

ಚುಲಿ ಮೈ ಕೊಡವಿ, ಯಾಂಗ್ಡೋಲಳ ಪಕ್ಕದಿಂದಲೇ ದಾಟಿ ಹೋಗಿ ಕುಂಜೆಸಳ ತೊಡೆ ಏರಿತು. ಯಾಂಗ್ಡೋಲಳ ಹೊಟ್ಟೆಯಲ್ಲಿ ಹಳೆಯ ಬೆಂಕಿ ಮತ್ತೆ ಭಗ್ಗೆಂದಿತು. ಮಾಡಿದ್ದಕ್ಕೆ ಇದೇ ಶಾಸ್ತಿ ಎಂದು ತನಗೆ ತಾನೇ ಹೇಳಿಕೊಂಡಳು. ಖಂಬೀರ್ ರೊಟ್ಟಿಯ ತಟ್ಟೆ ಹಿಡಿದು ಬಂದು, ಮಾಮೂಲಿನಂತೆ ಓರಗಿತ್ತಿಯ ಎದುರಿಗೆ, ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

ಅವಳು ಕೂತದ್ದೇ ತಡ, ಚುಲಿ ಕುಂಜೆಸಳ ತೊಡೆಯ ಮೇಲೆ ಹೊರಳಿ, ಯಾರೂ ಹೇಳದೆ, ಯಾಂಗ್ಡೋಲಳ ಕಡೆಗೆ ಮುಂಗಾಲು ಎತ್ತಿ ಹಿಡಿಯಿತು.

"ನೋಡಿದ್ಯಾ! ನಂಗೆ ಒಂದಿನಾನೂ ಹಾಗೆ ಎತ್ತಿಲ್ಲ," ಎಂದಳು ಕುಂಜೆಸ್. ಮುಖ ಸಣ್ಣದಾಗಿತ್ತು.

ಆ ಮುಖ ಯಾಂಗ್ಡೋಲಳಿಗೆ ಚೆನ್ನಾಗಿ ಪರಿಚಯವಿತ್ತು. ತಟ್ಟೆ ಪಕ್ಕಕ್ಕಿಟ್ಟು ಹಣಿಗೆ ಕೈಗೆತ್ತಿಕೊಂಡಳು. "ಹೊಟ್ಟೆಕಿಚ್ಚು ಪಡ್ಬಾರ್ದು ಕಣೇ," ಎಂದಳು, "ತಲೆ ಹಿಡ್ಕೋ."