ಏಳು ಕಿಲೋದೊಳಗೆ ಒಂದು ಕಲ್ಲು

ಅಮ್ಮ ಊರಿಗೆ ಹೊರಡುವ ದಿನ ಬೆಳಿಗ್ಗೆ ದೋಹಾದ ಪಕ್ಕದ ಅಲ್ ರಯ್ಯಾನಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಕಲ್ಲಿತ್ತು. ಪಕ್ಕದಲ್ಲಿ ಅಡುಗೆಮನೆಯ ತಕ್ಕಡಿ. ಕಲ್ಲು ಅಂಗೈಗಿಂತ ದೊಡ್ಡದು, ದಪ್ಪ, ಕಪ್ಪು, ನಡುವೆ ತಗ್ಗು. ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ವರ್ಷಗಟ್ಟಲೆ ತೇಯ್ದು ಬಿದ್ದ ತಗ್ಗು ಅದು. ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಮದ್ದು ತೇಯ್ದದ್ದು ಅದರ ಮೇಲೆಯೇ. ನನಗೆ, ನನ್ನ ತಂಗಿಗೆ, ಈಗ ದೋಹಾದಲ್ಲಿ ಹುಟ್ಟಿದ ನನ್ನ ಮಗಳಿಗೂ.

ಇಲ್ಲಿಯ ವೈದ್ಯೆ ಮಗುವಿಗೆ ತಾಯಿಹಾಲು ಬಿಟ್ಟು ಏನೂ ಕೊಡಬೇಡಿ ಎಂದಿದ್ದರು. ನಾನೂ ಹಾಗೇ ಹಟ ಹಿಡಿದೆ. ಎರಡು ದಿನ ಅಮ್ಮ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ರಾಜಿಯಾಯಿತು: ಅಮ್ಮ ತೇಯುವುದು, ಆದರೆ ನೆಕ್ಕಿಸದೆ ಹೊಕ್ಕುಳ ಸುತ್ತ ಹಚ್ಚುವುದು. "ನೀನು ಓದಿದವಳು, ನಿನ್ನ ಮಗುವಿನ ಹೊಟ್ಟೆಗೂ ಕಾನೂನು" ಎಂದು ಅಮ್ಮ ಗೊಣಗಿದರೂ ತೇಯುವುದನ್ನು ಬಿಡಲಿಲ್ಲ.

ಕಲ್ಲಿಗೆ ಒಂದು ನಿಯಮ ಇದೆ. ಹೊಸ ಮಗು ಆಸ್ಪತ್ರೆಯಿಂದ ಬಂದು ಹೊಸ್ತಿಲು ದಾಟುವ ಮೊದಲು ಕಲ್ಲು ಆ ಮನೆಯೊಳಗೆ ಇರಬೇಕು. ತೊಳೆದು, ಅರಿಶಿನ ಹಚ್ಚಿ, ದೀಪದ ಪಕ್ಕದಲ್ಲಿ ಇಟ್ಟಿರಬೇಕು. ಯಾಕೆ ಎಂದು ಯಾರೂ ಹೇಳಿದ್ದಿಲ್ಲ, ಯಾರೂ ತಪ್ಪಿಸಿದ್ದೂ ಇಲ್ಲ. ನನ್ನ ಹೆರಿಗೆಗೆ ಬರುವಾಗ ಅಮ್ಮ ಕಲ್ಲನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದ್ದಳು. ಅಮ್ಮ ಬಂದಿಳಿದಳು, ಪೆಟ್ಟಿಗೆ ಬರಲಿಲ್ಲ. ಅದು ಎಲ್ಲೋ ಸುತ್ತಾಡಿ ಮನೆ ತಲುಪುವ ಹೊತ್ತಿಗೆ ನನ್ನ ಹೆರಿಗೆಯ ನೋವು ಶುರುವಾಗಿತ್ತು. ಆ ದಿನಗಳಲ್ಲಿ ಅಮ್ಮನ ಮುಖ ನೋಡಿದವರಿಗೆ ಗೊತ್ತು, ಇನ್ನು ಅವಳು ಆ ಕಲ್ಲನ್ನು ಪೆಟ್ಟಿಗೆಗೆ ಹಾಕುವವಳಲ್ಲ ಎಂದು.

ಈಗ ಊರಿನಲ್ಲಿ ತಂಗಿ ಹೆತ್ತಿದ್ದಳು. ದಿನ ತುಂಬಲು ಇನ್ನೂ ಸಮಯವಿತ್ತು, ಅಷ್ಟರೊಳಗೆ ಅಮ್ಮ ಹೋಗಿ ತಲುಪುವ ಲೆಕ್ಕವಿತ್ತು. ಮಗು ಲೆಕ್ಕ ಕೇಳಲಿಲ್ಲ. ಅಮ್ಮ ಹೊರಡುವ ದಿನದ ಮರುದಿನ ಬೆಳಿಗ್ಗೆಯೇ ತಾಯಿ, ಮಗು ಇಬ್ಬರನ್ನೂ ಆಸ್ಪತ್ರೆಯಿಂದ ಮನೆಗೆ ಕಳಿಸುವವರಿದ್ದರು. ಮಂಗಳೂರಿಗೆ ಮಧ್ಯಾಹ್ನದ ವಿಮಾನದಲ್ಲಿ ಕಷ್ಟಪಟ್ಟು ಒಂದು ಸೀಟು ಸಿಕ್ಕಿತು. ಅಮ್ಮನೂ ಕಲ್ಲೂ ಅದೇ ವಿಮಾನದಲ್ಲಿ ಹೋಗಬೇಕು, ಜೊತೆಯಲ್ಲೇ ಇಳಿಯಬೇಕು. ಕೈಚೀಲಕ್ಕೆ ಏಳು ಕಿಲೋ ಮಿತಿ.

ನಿಯಮ ಓದುವುದು ನನ್ನ ಕೆಲಸ. ಹಮದ್ ಬಂದರಿನ ಹತ್ತಿರ ಒಂದು ಸಾಗಾಣಿಕೆ ಕಚೇರಿಯಲ್ಲಿ ಕಂಟೇನರುಗಳ ಕಾಗದಪತ್ರ ನೋಡುವವಳು ನಾನು. ಬೀಡಿ ಕಟ್ಟಿ ನನ್ನನ್ನು ಓದಿಸಿದ ಅಮ್ಮನಿಗೆ ಅದನ್ನು ಹೀಗೆ ವಿವರಿಸಿದ್ದೆ: ಹಡಗಿನಲ್ಲಿ ಬರುವ ಡಬ್ಬದೊಳಗೆ ಏನಿದೆ, ಎಷ್ಟು ತೂಕ ಇದೆ ಎಂದು ಬರೆಯುವ ಕೆಲಸ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪುಕ್ಕಟೆ ಬಂದದ್ದಲ್ಲ ಅದು.

ಹಾಗಾಗಿ ಅಂದು ಬೆಳಿಗ್ಗೆ ನಾನೇ ಯಜಮಾನಿ. ವಿಮಾನದವರ ನಿಯಮವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಒಂದೊಂದೇ ಸಾಮಾನನ್ನು ತಕ್ಕಡಿಗೆ ಹಾಕಿದೆ. ಕಲ್ಲು. ಹಾಲಿನ ಪುಡಿಯ ಡಬ್ಬ. ಖರ್ಜೂರದ ಪೊಟ್ಟಣಗಳು. ಬಾದಾಮಿ. ಸಾಬೂನು, ನೋವಿನ ಮುಲಾಮು. ಒಂದು ಸೀರೆ, ಅಮ್ಮನ ಮಾತ್ರೆ. ಪ್ರತಿ ಪೊಟ್ಟಣ ಎತ್ತಿದಾಗಲೂ ಅಮ್ಮ ಅದು ಯಾರ ಮನೆಗೆ ಎಂದು ಹೇಳುತ್ತಿದ್ದಳು. ಕೊನೆಗೆ ಏಳು ಕಿಲೋಗೆ ಕೂದಲೆಳೆಯಷ್ಟು ಕಡಿಮೆ ಬಂತು. ಟೇಪು ಹಿಡಿದು ಚೀಲದ ಉದ್ದಗಲವನ್ನೂ ಅಳೆದೆ, ಸರಿಯಾಗಿತ್ತು.

"ನೋಡು, ಒಂದು ಹರಳು ಉಪ್ಪು ಕೂಡ ಹೆಚ್ಚಿಲ್ಲ" ಎಂದೆ.

"ಪೋಲೀಸರ ಹತ್ತಿರ ಹಾಗೆ ಹೇಳು" ಎಂದಳು ಅಮ್ಮ. ಅವಳಿಗೆ ಸಮವಸ್ತ್ರದವರೆಲ್ಲ ಪೋಲೀಸರೇ. "ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ?"

ಮಗಳನ್ನು ಎತ್ತಿಕೊಂಡಿದ್ದ ನನ್ನ ಗಂಡ ಕಾರಿನ ಕೀಲಿ ಅಲ್ಲಾಡಿಸಿದರು. "ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ ಮಾಮಿ. ನಿಮ್ಮ ಮಗಳು ಹಡಗನ್ನೇ ತೂಗುವವಳು, ಒಂದು ಚೀಲ ದೊಡ್ಡದಾ? ಯಲ್ಲಾ, ಹೊರಡುವ."

ತಂಗಿಗೂ ಅವಳ ಕೂಸಿಗೂ ಬೇಕಾದ ಸಾಮಾನೇ ತುಂಬಿದ್ದ ದೊಡ್ಡ ಪೆಟ್ಟಿಗೆ ಕೌಂಟರಿನಲ್ಲಿ ತೂಗಿಸಿಕೊಂಡು, ಇನ್ನೊಂದು ಗ್ರಾಮಿಗೂ ಜಾಗವಿಲ್ಲದಂತೆ ಭರ್ತಿಯಾಗಿ, ಬೆಲ್ಟಿನ ಮೇಲೆ ಹೊರಟುಹೋಯಿತು. ಅಲ್ಲಿಯವರೆಗೂ ಎಲ್ಲ ಸರಿ. ಕೌಂಟರಿನ ಹುಡುಗಿ ನಗುತ್ತಲೇ ಕೈಚೀಲವನ್ನೂ ಇಡಿ ಎಂದಳು. ಇಟ್ಟೆ. ಕೆಂಪು ಅಂಕಿ ಒಂಬತ್ತನ್ನೂ ದಾಟಿ ನಿಂತಿತು.

"ನಿಮ್ಮ ಯಂತ್ರ ತಪ್ಪು ತೋರಿಸುತ್ತಿದೆ" ಎಂದೆ. ಅವಳು ಚೀಲದ ಚಕ್ರಗಳನ್ನು, ಎಳೆಯುವ ಕಬ್ಬಿಣದ ಹಿಡಿಯನ್ನು ನೋಡಿದಳು. ನಾನೂ ನೋಡಿದೆ.

ಚೀಲಕ್ಕೇ ತೂಕವಿದೆ ಎನ್ನುವುದನ್ನು ನಾನು ಮರೆತಿದ್ದೆ. ಇದು ಬಂದರಿನಲ್ಲಿ ಕೆಲಸ ಮಾಡುವವಳು ಮಾತ್ರ ಮಾಡುವ ತಪ್ಪು. ನಾನು ಬರೆಯುವುದು ಒಳಗಿನ ಸರಕಿನ ತೂಕ. ಖಾಲಿ ಕಂಟೇನರಿನ ತೂಕವನ್ನು ಅದರ ಬಾಗಿಲ ಮೇಲೆಯೇ ಬಣ್ಣದಲ್ಲಿ ಬರೆದಿರುತ್ತಾರೆ, ಅದನ್ನು ಕೂಡಿಸುವುದು ಬೇರೆಯವರ ಕೆಲಸ. ವರ್ಷಗಳಿಂದ ಕಣ್ಣು ಹಾಗೇ ರೂಢಿಯಾಗಿತ್ತು. ಡಬ್ಬ ಎಂದರೆ ಲೆಕ್ಕಕ್ಕಿಲ್ಲದ್ದು.

"ಎಂತ ಆಯ್ತು?" ಅಮ್ಮ ಕೇಳಿದಳು.

"ಎರಡು ಕಿಲೋ ಹೆಚ್ಚುಂಟು."

"ನೀನೇ ತೂಗಿದ್ದಲ್ಲವಾ?"

ದುಡ್ಡು ಕಟ್ಟುತ್ತೇನೆ ಎಂದೆ. ಕೈಚೀಲಕ್ಕೆ ಅದೆಲ್ಲ ಇಲ್ಲ ಎಂದಳು ಹುಡುಗಿ, ತಗ್ಗಿಸಿಕೊಂಡು ಬನ್ನಿ, ಬೇಗ ಬನ್ನಿ, ಇನ್ನು ಸ್ವಲ್ಪ ಹೊತ್ತಿಗೆ ಕೌಂಟರ್ ಮುಚ್ಚುತ್ತೇವೆ. ಹಿಂದೆ ಸಾಲಿನಲ್ಲಿದ್ದ ಒಬ್ಬರು, ಮಾತಿನಲ್ಲಿ ಮೈಸೂರು ಕಡೆಯವರು, ತಾಳ್ಮೆ ಕಳೆದುಕೊಂಡರು. "ಮೇಡಂ, ಮನೇಲೇ ನೋಡ್ಕೊಂಡು ಬರಬಾರ್ದಾ? ಎಲ್ಲರಿಗೂ ಲೇಟ್ ಆಗ್ತಿದೆ ನೋಡಿ."

ಅಮ್ಮ ತಿರುಗಿದಳು. "ನಿಮ್ಮ ಚೀಲವನ್ನೂ ತೂಗ್ತಾರೆ ಸ್ವಾಮೀ. ನಾವು ಅಲ್ಲಿ ನಿಂತು ನೋಡ್ತೇವೆ."

ಸ್ವಲ್ಪ ಹೊತ್ತಿನ ಮೇಲೆ ಆತ ತಮ್ಮ ಚೀಲವನ್ನು ಮೆಲ್ಲಗೆ ಎತ್ತಿ, ಇಳಿಸಿ ನೋಡಿಕೊಂಡದ್ದು ನನಗೆ ಕಂಡಿತು.

ನೆಲದ ಮೇಲೆ ಚೀಲ ಬಿಚ್ಚಿದೆವು. ನನ್ನ ಕೈ ಮೊದಲು ಹೋದದ್ದು ಕಲ್ಲಿಗೆ. ತೆಗೆದರೆ ಅದೊಂದೇ ಸಾಕಾಗುತ್ತಿತ್ತು. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಬೀಡಿ ಸುತ್ತಿದ ಬೆರಳುಗಳು, ಈಗಲೂ ಬಿಗಿ.

"ಅದು ಬಿಟ್ಟು ಎಂತ ಬೇಕಾದರೂ ತೆಗಿ."

"ಹಾಗಾದರೆ ಹಾಲಿನ ಪುಡಿ, ಖರ್ಜೂರ, ಎಲ್ಲ ಹೋಗ್ತದೆ ಅಮ್ಮ. ಯಾರಿಗೂ ಕೊಡ್ಲಿಕ್ಕೆ ಏನೂ ಇರುವುದಿಲ್ಲ."

ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ಗಲ್ಫಿನಿಂದ ಬಂದವಳು ಪಕ್ಕದ ಮನೆಗೆ ಖಾಲಿ ಕೈಯಲ್ಲಿ ಹೋಗುವುದೆಂದರೆ ನಮ್ಮ ಕಡೆ ಏನೆಂದು ನಮ್ಮ ಕಡೆಯವರಿಗೇ ಗೊತ್ತು. "ಬರಿಗೈಯಲ್ಲಿ ಹೋಗ್ಲಿಕ್ಕೆ ನಾನು ಎಂತ ಜೈಲಿನಿಂದ ಬರುವುದಾ?" ಎಂದಳು. ಆದರೆ ಹಾಲಿನ ಪುಡಿಯ ಡಬ್ಬವನ್ನು ತಾನೇ ಎತ್ತಿ ನನ್ನ ಗಂಡನ ಕೈಗೆ ಕೊಟ್ಟಳು. ಆಮೇಲೆ ಖರ್ಜೂರ, ಬಾದಾಮಿ, ಸಾಬೂನು. ಒಂದು ತೋಳಲ್ಲಿ ಮಗು, ಇನ್ನೊಂದರಲ್ಲಿ ಅರ್ಧ ಅಂಗಡಿ ಹಿಡಿದು ನಿಂತ ಅವರನ್ನು ನೋಡಿ ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಈ ಸಲ ಅಂಕಿ ಏಳರ ಕೆಳಗೆ ನಿಂತಿತು. ಚೀಲದ ಹಿಡಿಗೆ ಚೀಟಿ ಬಿತ್ತು. ಒಳಗೆ ಹೋಗುವ ದ್ವಾರದವರೆಗೆ ನಾವೂ ನಡೆದೆವು. ಅಲ್ಲಿಂದಾಚೆ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಅಮ್ಮ ಮೊಮ್ಮಗಳ ಪಾದಕ್ಕೆ ಮೂಗು ಒತ್ತಿ, ತಿರುಗಿ ನೋಡದೆ ಹೋದಳು.

ನಾನು ಅಲ್ಲಿಂದ ಕದಲಲಿಲ್ಲ. ಕಾರಣ, ಬೆಳಿಗ್ಗೆ ಓದಿದ ನಿಯಮದಲ್ಲಿ ಇನ್ನೊಂದು ಸಾಲಿತ್ತು. ಚಾಕು, ಕತ್ತರಿ, ಸುತ್ತಿಗೆ, ಬ್ಯಾಟು ಎಂದೆಲ್ಲ ಬರೆದು ಕೊನೆಯಲ್ಲಿ, ಹೊಡೆದು ಗಾಯ ಮಾಡಬಹುದಾದ ಯಾವುದೇ ಭಾರದ ವಸ್ತು ಎಂದಿತ್ತು. ಕಲ್ಲು ಎಂದು ಎಲ್ಲೂ ಇರಲಿಲ್ಲ. ಅಮ್ಮನಿಗೆ ನಾನು ಹೇಳಿದ್ದು ಅಷ್ಟೇ: ಕಲ್ಲು ಬೇಡ ಅಂತ ಎಲ್ಲಿಯೂ ಬರೆದಿಲ್ಲ.

ಫೋನ್ ಬಂದಾಗ ನಾವಿನ್ನೂ ದ್ವಾರದ ಹತ್ತಿರವೇ ಇದ್ದೆವು.

"ಮಗಾ, ಇಲ್ಲಿ ಪೋಲೀಸ್ ಹೆಂಗಸು ಕಲ್ಲು ಹಿಡಿದುಕೊಂಡಿದ್ದಾಳೆ. ಎಂತದೋ ಕೇಳ್ತಾಳೆ. ನಾನು ಬಾಬೆ, ಬಾಬೆ ಅಂತ ಹೇಳಿದೆ, ಅವಳಿಗೆ ತಿಳಿಯುವುದಿಲ್ಲ. ತಕೋ, ಮಾತಾಡು." ತುಳುವಿನಲ್ಲಿ ಬಾಬೆ ಎಂದರೆ ಮಗು. "ಮಾತಾಡು" ಎನ್ನುವಾಗ ಅಮ್ಮನ ದನಿ ಒಡೆಯಿತು. ಜೀವನದಲ್ಲಿ ಅವಳು ನನ್ನನ್ನು ಕೇಳಿದ ಸಹಾಯ ತೀರಾ ಕಡಿಮೆ.

ಭದ್ರತೆಯ ಹೆಂಗಸಿನ ದನಿ ಒರಟಾಗಿರಲಿಲ್ಲ, ದಣಿದಿತ್ತು. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಹೇಳಿದೆ: ಮಕ್ಕಳ ಮದ್ದು ತೇಯುವ ಕಲ್ಲು, ನಮ್ಮ ಮನೆಯ ಹಳೆಯ ವಸ್ತು, ನನ್ನ ತಂಗಿಯ ಕೂಸು ನಾಳೆ ಮನೆಗೆ ಬರುತ್ತದೆ, ಅದಕ್ಕೆ ಮೊದಲು ಇದು ಅಲ್ಲಿ ಇರಬೇಕು.

"ಇದರಿಂದ ಒಬ್ಬರ ತಲೆ ಒಡೆಯಬಹುದು, ಮೇಡಂ" ಎಂದಳು.

ಒಡೆಯಲಾಗದು ಎಂದು ವಾದಿಸಬೇಕೆನಿಸಿತು. ನನ್ನ ತಾಯಿ ಅಂಥವಳಲ್ಲ, ಅವಳಿಗೆ ವಯಸ್ಸಾಗಿದೆ ಎಂದು ಕೂಗಬೇಕೆನಿಸಿತು. ಆದರೆ ಬಂದರು ನನಗೆ ಒಂದು ಪಾಠ ಕಲಿಸಿದೆ: ತಪಾಸಣೆ ಮಾಡುವ ಅಧಿಕಾರಿಯ ಜೊತೆ ವಾದಕ್ಕಿಳಿದವನ ಸರಕು ಬಿಸಿಲಿನಲ್ಲಿ ಕೊಳೆಯುತ್ತದೆ. ಅಲ್ಲಿ ನಾವು ಕೇಳುವುದು ಎರಡೇ. ತೀರ್ಮಾನವನ್ನು ಮೇಲಿನವರು ಮಾಡಲಿ. ಅಲ್ಲಿಯವರೆಗೆ ಸರಕನ್ನು ತಡೆದಿಡಿ, ಎಸೆಯಬೇಡಿ.

"ನೀವು ಹೇಳುವುದು ಸರಿ, ಅದು ಭಾರದ ವಸ್ತುವೇ" ಎಂದೆ. ನನ್ನ ದನಿ ನನಗೇ ಬೇರೆ ಯಾರದ್ದೋ ಎನಿಸಿತು, ಕಚೇರಿಯ ದನಿ. "ದಯವಿಟ್ಟು ನಿಮ್ಮ ಮೇಲ್ವಿಚಾರಕರನ್ನು ಕರೆಯಿರಿ, ಅವರು ಹೇಳಿದ ಹಾಗೆ ಆಗಲಿ. ವಿಮಾನದ ಸಿಬ್ಬಂದಿಯ ಕೈಗೆ ಕೊಟ್ಟು ಇಳಿಯುವಾಗ ಹಿಂದೆ ಕೊಡಲು ಸಾಧ್ಯವೇ ಎಂದು ಕೇಳಿ. ಯಾವುದೂ ಆಗದಿದ್ದರೆ ಕಸಕ್ಕೆ ಮಾತ್ರ ಹಾಕಬೇಡಿ. ಯಾವ ಬಾಗಿಲಿಗೆ ಬಾ ಎನ್ನುತ್ತೀರೋ ಅಲ್ಲಿಗೆ ಬಂದು ತೆಗೆದುಕೊಳ್ಳುತ್ತೇನೆ. ನಾನು ಇಲ್ಲೇ ಹೊರಗೆ ನಿಂತಿದ್ದೇನೆ."

ನಿಲ್ಲಿ ಎಂದಳೋ ನೋಡುತ್ತೇನೆ ಎಂದಳೋ, ಅಷ್ಟರಲ್ಲಿ ಕರೆ ಕಡಿಯಿತು.

ಮತ್ತೆ ಮಾಡಿದೆ. ಅಮ್ಮ ಎತ್ತಲಿಲ್ಲ. ಮತ್ತೆ ಮಾಡಿದೆ. ತಪಾಸಣೆಯ ತಟ್ಟೆಯೊಂದರಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿರುವುದು, ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಕಲ್ಲನ್ನೇ ನೋಡುತ್ತ ನಿಂತಿರುವುದು ಕಣ್ಣಿಗೆ ಕಟ್ಟಿತು. ಹಟ ಮಾಡಿ ವಿಮಾನ ತಪ್ಪಿಸಿಕೊಂಡರೆ? ಕಲ್ಲಿಲ್ಲದೆ ಹತ್ತಿದರೆ, ನಾಳೆ ಆ ಹೊಸ್ತಿಲಲ್ಲಿ ತಂಗಿಗೆ ಏನು ಹೇಳುತ್ತಾಳೆ? ಮುಂದೆ ಆ ಮಗುವಿಗೆ ಒಂದು ಸಣ್ಣ ಜ್ವರ ಬಂದರೂ ಅಮ್ಮನ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆ ಭಯ ಪದವಿಯಿಂದ ಹೋಗುವಂಥದ್ದಲ್ಲ. ಆ ಹೊತ್ತಿಗೆ ಅದು ನನ್ನ ಭಯವೂ ಆಗಿತ್ತು.

ಫಲಕದಲ್ಲಿ ಮಂಗಳೂರಿನ ವಿಮಾನದ ಎದುರು ಬಾಗಿಲು ಮುಚ್ಚಿದೆ ಎಂದು ಬಂತು. ಕಲ್ಲು ತೆಗೆದುಕೊಂಡು ಹೋಗಿ ಎಂದು ಕರೆಯಲು ಯಾರೂ ಹೊರಗೆ ಬರಲಿಲ್ಲ. ಅದು ಒಳ್ಳೆಯದೋ ಕೆಟ್ಟದೋ ತಿಳಿಯಲಿಲ್ಲ.

"ಖಲಾಸ್, ವಿಮಾನ ಹಾರಿತು" ಎಂದರು ನನ್ನ ಗಂಡ. "ಮಗುವಿಗೆ ಹಸಿವಾಗಿದೆ, ಮನೆಗೆ ಹೋಗುವ."

ಕಾರಿನಲ್ಲಿ ಹಾಲು ಕುಡಿಸುವಾಗಲೂ ನನ್ನ ಕಣ್ಣು ಫೋನಿನ ಮೇಲೆ. ಮನೆಯಲ್ಲಿ ಊಟದ ಮೇಜಿನ ಮೇಲೆ ಹಾಲಿನ ಪುಡಿ, ಖರ್ಜೂರ, ಬಾದಾಮಿ, ಸಾಬೂನುಗಳು ಮತ್ತೆ ಬಂದು ಕೂತವು. ತಕ್ಕಡಿ ಅಲ್ಲೇ ಇತ್ತು. ಅದನ್ನು ಎತ್ತಿ ಕಪಾಟಿನೊಳಗೆ ಇಟ್ಟೆ. ನೋಡಲಾಗುತ್ತಿರಲಿಲ್ಲ.

ಸಂಜೆ ಊರಿನ ನಂಬರಿನಿಂದ ಕರೆ ಬಂತು. ಎತ್ತುತ್ತಲೇ ಕೇಳಿದೆ: "ಅಮ್ಮ, ಕಲ್ಲು?"

"ನಾನು ಹೇಗಿದ್ದೇನೆ ಅಂತ ಕೇಳ್ಲಿಕ್ಕೆ ಇಲ್ಲ, ಕಲ್ಲು ಅಂತೆ" ಎಂದಳು. ಆ ಗೊಣಗುವ ದನಿ ಕೇಳಿಯೇ ನನಗೆ ಗೊತ್ತಾಯಿತು, ಕಲ್ಲು ತಲುಪಿದೆ ಎಂದು.

ಮೇಲ್ವಿಚಾರಕಿ ಬಂದಿದ್ದಳಂತೆ, ಸ್ವಲ್ಪ ವಯಸ್ಸಾದವಳು. ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ನಡುವಿನ ತಗ್ಗಿಗೆ ಬೆರಳಿಟ್ಟಳಂತೆ. ಆಮೇಲೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟೇಪು ಸುತ್ತಿ, ಒಬ್ಬಳನ್ನು ಜೊತೆ ಮಾಡಿ ವಿಮಾನದ ಬಾಗಿಲವರೆಗೆ ಕಳಿಸಿದಳಂತೆ. ಅಲ್ಲಿ ಗಗನಸಖಿ ಸಹಿ ಹಾಕಿ ತೆಗೆದುಕೊಂಡು, ಮಂಗಳೂರಿನಲ್ಲಿ ಇಳಿಯುವಾಗ ಅಮ್ಮನ ಕೈಗೆ ಕೊಟ್ಟಳಂತೆ.

"ನನಗೆ ಕಿಟಕಿಯ ಸೀಟು ಕೂಡ ಸಿಗ್ಲಿಲ್ಲ. ಕಲ್ಲಿಗೆ ಎದುರಿಗೆ ಒಳ್ಳೆ ಜಾಗ, ಮೇಲಿಂದ ಒಬ್ಬಳು ಕಾವಲು. ಚಾ ಕೊಟ್ಟಿದ್ದರೆ ಅದೂ ಅದಕ್ಕೇ ಮೊದಲು ಕೊಡ್ತಿದ್ದರೋ ಏನೋ." ಆಮೇಲೆ, "ನೀನು ಆ ಹೆಂಗಸಿನ ಹತ್ತಿರ ಎಂತ ಹೇಳಿದ್ದು?" ಎಂದು ಕೇಳಿದಳು.

"ಎಸೆಯಬೇಡಿ ಅಂದೆ."

"ಅಷ್ಟೇಯಾ? ಅಷ್ಟಕ್ಕೆ ಅಷ್ಟು ಉದ್ದ ಇಂಗ್ಲಿಷಾ?"

ಮರುದಿನ ಬೆಳಿಗ್ಗೆ ತಂಗಿಯ ಗಂಡ ವಿಡಿಯೋ ಕರೆ ಮಾಡಿದರು. ದೀಪದ ಪಕ್ಕದಲ್ಲಿ ಕಲ್ಲು, ಅರಿಶಿನ ಇನ್ನೂ ಒದ್ದೆ. ಹೊಸ್ತಿಲಲ್ಲಿ ತಂಗಿ, ಎದೆಗೆ ಅವುಚಿಕೊಂಡ ಬಟ್ಟೆಯ ಗಂಟಿನೊಳಗೆ ಕೂಸು. ನೋಡಲು ಬಂದ ಅಕ್ಕಪಕ್ಕದ ಮನೆಯ ಹೆಂಗಸರು ಅಂಗಳದಲ್ಲಿ. ಅದರಲ್ಲೊಬ್ಬರು ಕೇಳುತ್ತಿದ್ದರು, ದೋಹಾದಿಂದ ಏನೂ ತರಲಿಲ್ಲವಾ ಎಂದು.

"ತರ್ಲಿಕ್ಕೆ ಬಿಟ್ಟರಲ್ಲವಾ?" ಅಮ್ಮನ ದನಿ ಪರದೆಯ ಆಚೆಯಿಂದ ಬಂತು. "ಕಲ್ಲನ್ನೇ ಹಿಡಿದಿಟ್ಟಿದ್ದರು. ನನ್ನ ದೊಡ್ಡ ಮಗಳು ಹೊರಗೆ ನಿಂತು ಫೋನಿನಲ್ಲೇ ಇಂಗ್ಲಿಷ್ ಮಾತಾಡಿ ಬಿಡಿಸಿದಳು. ಪೋಲೀಸರ ಹತ್ತಿರ!"

ಎರಡು ಕಿಲೋದ ವಿಷಯ ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ತಂಗಿ ಬಲಗಾಲಿಟ್ಟು ಹೊಸ್ತಿಲು ದಾಟಿದಳು.